ಹಗೇವಿನ ಮೇಲೆ ಇಳಿದ ಮನೆ

ಹಳೇಕೋಟೆಯ ಸುತ್ತಮುತ್ತ ಮನೆ ಕಟ್ಟಿಸುವವರು ಮೊದಲು ದೇವರ ಹತ್ತಿರ ಹೂ ಕೇಳುತ್ತಾರೆ, ಆಮೇಲೆ ಶಿವಯ್ಯನ ಹತ್ತಿರ ಬರುತ್ತಾರೆ. ದೇವರು ಬಲಗಡೆ ಹೂ ಕೊಟ್ಟು ಶಿವಯ್ಯ ತಲೆ ಅಡ್ಡಡ್ಡ ಆಡಿಸಿದರೆ ಪಾಯ ತೆಗೆಯುವುದಿಲ್ಲ. ದೇವರು ಎಡಗಡೆ ಕೊಟ್ಟು ಶಿವಯ್ಯ ಹೂಂ ಅಂದರೆ, ಒಂದು ತಿಂಗಳು ಬಿಟ್ಟು ದೇವರನ್ನೇ ಇನ್ನೊಮ್ಮೆ ಕೇಳುತ್ತಾರೆ.

ಅವನದು ಪಾಯದ ಕೆಲಸ ಮಾತ್ರ. ಮೂವತ್ತು ವರ್ಷದ ಮೇಲಾಯಿತು, ಅಷ್ಟೇ ಮಾಡಿದ್ದಾನೆ. ಗೋಡೆ, ಗಾರೆ, ಬಣ್ಣ ಇವೆಲ್ಲ ಕಣ್ಣಿಗೆ ಕಾಣುವ ಕೆಲಸ, ಯಾರು ಬೇಕಾದರೂ ಮಾಡಬಹುದು ಅನ್ನುವುದು ಅವನ ಎಣಿಕೆ. ಸೈಟಿಗೆ ಬಂದರೆ ಮಾತಿಲ್ಲ. ಹಾರೆ ಎತ್ತಿ ನೆಲಕ್ಕೆ ಒಂದೇಟು ಹಾಕಿ, ಕೈಬಿಟ್ಟು, ಅದು ಹೇಗೆ ಅಲ್ಲಾಡುತ್ತದೆಂದು ನೋಡುತ್ತಾನೆ. "ಎರಡಡಿಗೆ ಗೊರಚು ಐತೆ" ಅಂದರೆ ಎರಡಡಿಗೆ ಕಲ್ಲು ಬೆರೆತ ಗಟ್ಟಿ ನೆಲ ಸಿಕ್ಕೇ ಸಿಗುತ್ತದೆ. ಅವನ ಪಾಯದ ಮೇಲೆ ಎದ್ದ ಗೋಡೆ ಎಲ್ಲಾದರೂ ಬಿರುಕು ಬಿಟ್ಟರೆ ತಾನೇ ಹೋಗಿ, ಬಿರುಕಿನ ಬುಡಕ್ಕೆ ಬೆರಳಿಟ್ಟು, "ಇದು ಪಾಯದಿಂದ ಮ್ಯಾಲೆ ಸುರುವಾಗಿರೋದು. ಗೋಡೆಯೋನ್ನ ಕೇಳಿ" ಎಂದು ಹೇಳಿ, ಕಾಫಿ ಕುಡಿದು ಬರುತ್ತಾನೆ. ಪಾಯದ ಶಿವಯ್ಯ ಎಂಬ ಹೆಸರು ಬಂದದ್ದು ಹಾಗೆ. ಆ ಹೆಸರು ಬಿಟ್ಟರೆ ಅವನಿಗಿದ್ದದ್ದು ಒಂದು ಹಾರೆ, ಮಟ್ಟ ನೋಡುವ ಒಂದು ರಸಮಟ್ಟ, ಮತ್ತೆ ಹೆಂಡತಿ ನಂಜಮ್ಮ.

ಹೋದ ವರ್ಷ ಊರಿನ ಡೇರಿ ಸೆಕ್ರೆಟರಿ ರೂಪಶ್ರೀ ಮನೆ ಮಾಡಬೇಕೆಂದು ಹೊರಟಳು. ಬೆಳಿಗ್ಗೆ ಐದೂವರೆಗೆ ಹಾಲಿನ ಡಿಗ್ರಿ ನೋಡಿ, ಜೊತೆಗೆ ಹಾಲು ತಂದವರ ಮುಖವನ್ನೂ ನೋಡುವ ಹೆಣ್ಣು ಅವಳು. ತಾಯಿ ಪುಟ್ಟತಾಯಮ್ಮನವರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಭಾಗವಾದಾಗ ಇವರ ಪಾಲಿಗೆ ಬಂದದ್ದು ಹಳೆಯ ಕಣ, ಹಿಂದೆ ರಾಗಿ ಒಕ್ಕುತ್ತಿದ್ದ ಬಯಲು. ಕಟ್ಟಿಸೋಣವೆಂದರೆ ಚಿಕ್ಕಪ್ಪನ ಮನೆ ಕಣ್ಣೆದುರಿಗೇ ಇತ್ತು. ಅವರು ಮಗಳು ಹುಟ್ಟಿದ ವರ್ಷ ಕೆಲಸ ಶುರು ಮಾಡಿದ್ದರು. ಮಗಳು ಹೊಳೆನರಸೀಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ, ಮನೆಗೆ ಇನ್ನೂ ಕಿಟಕಿ ಕೂತಿಲ್ಲ. ರೂಪಶ್ರೀ ಹಾಸನದ ಹೊರಗೆ ಒಂದು ಶೆಡ್ಡಿನಲ್ಲಿ ತಯಾರಾಗುವ ರೆಡಿಮೇಡ್ ಮನೆ ಬುಕ್ ಮಾಡಿದಳು. ಎರಡು ರೂಮು, ಅಡುಗೆಮನೆ, ಬಚ್ಚಲು, ಕಿಟಕಿಗೆ ಸೊಳ್ಳೆಪರದೆ ಸಮೇತ ಲಾರಿಯಲ್ಲಿ ಬಂದು ಕ್ರೇನಿನಿಂದ ಇಳಿಯುವಂಥದು.

"ಮನೆಗೆ ನಾವು ಓಗೋದು ಸರಿ. ಮನೆಯೇ ನಮ್ತಾವ್ಕೆ ಬಂದದಾ?" ಎಂದು ಡೇರಿ ಮುಂದೆ ಕ್ಯಾನು ಹಿಡಿದವರು ಕೇಳಿದರು.

"ಬಂದು ವಾಪಸ್ ಓಗ್ದಿದ್ರೆ ಸಾಕು," ಎಂದರು ಪುಟ್ಟತಾಯಮ್ಮ.

ಕಂಪನಿಯಿಂದ ದಿಲೀಪ್ ಎಂಬ ಸೂಪರ್‌ವೈಸರ್ ಬಂದು ಕಣದಲ್ಲಿ ಸುಣ್ಣದ ಗೆರೆ ಎಳೆದ. ಎಳೆದು, ಇದ್ದದ್ದನ್ನು ಇದ್ದಹಾಗೆ ಹೇಳಿದ. "ಮನೆ ನಮ್ದು, ನೆಲ ನಿಮ್ದು ಮೇಡಂ. ಮನೆ ಅಲ್ಲಾಡಿದ್ರೆ ನಮ್ಮನ್ನ ಕೇಳಿ, ನೆಲ ಅಲ್ಲಾಡಿದ್ರೆ ಕೇಳ್ಬೇಡಿ." ಪಾಯಕ್ಕೆ ಮೂರು ದಾರಿ ಇದ್ದವು. ನೆಲ ಸಮ ಮಾಡಿ ಸಿಮೆಂಟ್ ಬ್ಲಾಕುಗಳ ಮೇಲೆ ಕೂರಿಸುವುದು ಒಂದು. ಇಡೀ ಜಾಗಕ್ಕೆ ಕಬ್ಬಿಣ ಹೆಣೆದು ಕಾಂಕ್ರೀಟ್ ಬೆಡ್ ಹಾಕುವುದು ಇನ್ನೊಂದು. ಗುಂಡಿ ತೆಗೆದು ಗಟ್ಟಿ ನೆಲದಿಂದ ಪಿಲ್ಲರ್ ಎಬ್ಬಿಸುವುದು ಮೂರನೆಯದು.

"ನನಗೆ ಇದೆಲ್ಲ ತಿಳಿಯಲ್ಲ. ಶಿವಯ್ಯಣ್ಣ ಹೇಳಿದ್ದೇ ಆಗ್ಲಿ," ಎಂದಳು ರೂಪಶ್ರೀ.

ಶಿವಯ್ಯ ಹಾರೆ ಹಿಡಿದು ಸುಣ್ಣದ ಗೆರೆಯ ಮೇಲೆ ನಡೆದ. ಮೂರು ಮೂಲೆಯಲ್ಲಿ ಏಟು ಹಾಕಿದ, ನೋಡಿದ, ತಲೆ ಆಡಿಸಿದ. ನಾಲ್ಕನೆಯದು ನೈಋತ್ಯ ಮೂಲೆ. ಅಲ್ಲಿ ಎತ್ತಿದ ಹಾರೆಯನ್ನು ಮೆಲ್ಲಗೆ ಇಳಿಸಿ, ಊರುಗೋಲಿನ ಹಾಗೆ ಊರಿಕೊಂಡು ನಿಂತುಬಿಟ್ಟ.

ಅಲ್ಲಿ ಹಗೇವು ಇತ್ತು. ಹಗೇವು ಅಂದರೆ ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲಗುಂಡಿ. ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಗುಡಾಣದ ಹಾಗೆ ಅಗಲ, ಆಳ ಎರಡಾಳು ಮೀರಿ. ರಾಗಿ ಮೂಟೆಗೆ ಬಂದ ಮೇಲೆ ಹಗೇವುಗಳು ದನ ಬೀಳುವ ಗುಂಡಿಗಳಾದವು. ಎಲ್ಲರೂ ಮುಚ್ಚಿಸಿದರು. ಈ ಕಣದ ಹಗೇವನ್ನು ಮುಚ್ಚಲು ಪುಟ್ಟತಾಯಮ್ಮನವರ ಯಜಮಾನರು ಕರೆದದ್ದು ಶಿವಯ್ಯನನ್ನು. ಆಗ ಅವನಿಗೆ ಇಪ್ಪತ್ನಾಲ್ಕು ವರ್ಷ. ಕಲ್ಲು ಮಣ್ಣು ಹಾಕಿ, ನೀರು ಬಿಟ್ಟು, ದಿಮ್ಮಿಸಿನಿಂದ ಬಡಿದು ತುಂಬಲು ಮೂರು ದಿನ ಬೇಕು. ಶಿವಯ್ಯನಿಗೆ ಇದ್ದದ್ದು ಅರ್ಧ ದಿನ. ಮಧ್ಯಾಹ್ನದ ಬಸ್ಸಿಗೆ ಅರಕಲಗೂಡು ಕಡೆ ಹೆಣ್ಣು ನೋಡಲು ಹೋಗಬೇಕಿತ್ತು. ಪಕ್ಕದಲ್ಲೇ ಹುಲ್ಲಿನ ಬಣವೆ ಇತ್ತು. ಹುಲ್ಲನ್ನೂ ಜೋಳದ ಕಡ್ಡಿಯನ್ನೂ ಹಗೇವಿಗೆ ತುರುಕಿ, ಮೇಲೆ ಎರಡಡಿ ಮಣ್ಣು ಎಳೆದು, ಕಾಲಲ್ಲಿ ತುಳಿದು, ಕೈಕಾಲು ತೊಳೆದು ಬಸ್ಸು ಹತ್ತಿದ. ಹೆಣ್ಣು ಒಪ್ಪಿಗೆಯಾಯಿತು. ಆಮೇಲೆ ಬಂದು ಸರಿಮಾಡುತ್ತೇನೆ ಅಂದುಕೊಂಡಿದ್ದ. ಮದುವೆ ಬಂತು, ಮಳೆ ಬಂತು, ಹೆಸರು ಬಂತು. ಹೆಸರು ಬಂದ ಮೇಲೆ ಹುಲ್ಲು ತೆಗೆಯಲು ಹೋಗುವುದು ಹೇಗೆ?

ಇಷ್ಟು ವರ್ಷಕ್ಕೆ ಒಳಗಿನ ಹುಲ್ಲು ಗೊಬ್ಬರವಾಗಿ ತಳ ಸೇರಿರುತ್ತದೆ. ಮೇಲಿನ ಮಣ್ಣು ಅಭ್ಯಾಸಬಲದಿಂದ ನಿಂತಿದೆ. ಇದು ಶಿವಯ್ಯನಿಗೆ ಗೊತ್ತಿತ್ತು, ಇನ್ನಾರಿಗೂ ಗೊತ್ತಿರಲಿಲ್ಲ.

"ಇಲ್ಲೇನಾದ್ರೂ ಹಳೇ ಬಾವಿ, ಗುಂಡಿ ಇತ್ತಾ ಅಜ್ಜಿ?" ಎಂದು ದಿಲೀಪ್ ಕೇಳಿದ.

"ಹಗೇವಿತ್ತು ಕಣಪ್ಪ, ಇದೇ ಮೂಲೇಲಿ. ಭಯ ಬ್ಯಾಡ. ಅದ್ನ ತುಂಬಿರೋನು ಶಿವಯ್ಯನೇ," ಎಂದರು ಪುಟ್ಟತಾಯಮ್ಮ.

"ಹಂಗಾದ್ರೆ ಅಗೆದು ನೋಡೋದೂ ಬೇಡ," ಎಂದು ದಿಲೀಪ್ ಕಾಗದದಲ್ಲಿ ಒಂದು ಟಿಕ್ ಹಾಕಿದ. "ಕ್ರೇನೂ ಈ ಮೂಲೇಲೇ ನಿಲ್ಲುತ್ತೆ. ಹೇಳಿ ಶಿವಯ್ಯನವ್ರೆ, ಮೂರರಲ್ಲಿ ಯಾವ್ದು?"

ಪಿಲ್ಲರ್ ಅಂದರೆ ಗುಂಡಿ ತೆಗೆಯಬೇಕು, ಗುಂಡಿ ತೆಗೆದರೆ ಹಗೇವು ಬಾಯಿ ಬಿಡುತ್ತದೆ. ಶಿವಯ್ಯ ಸುಣ್ಣದ ಗೆರೆ ನೋಡುತ್ತಾ ಹೇಳಿದ. "ಬೆಡ್ ಆಕುಸ್ಬುಡಿ ಸಾ."

ಬೆಡ್ ಅಂದರೆ ಹಸಿದವನಿಗೆ ಹೊಸ ಅಂಗಿ ತೊಡಿಸಿದ ಹಾಗೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದವನು ಅವನೇ. ರೂಪಶ್ರೀ ಒಂದು ಸಲ ಅವನ ಮುಖ ನೋಡಿದಳು. ಡೇರಿಯಲ್ಲಿ ನೋಡುವ ನೋಟ.

ಮಧ್ಯಾಹ್ನ ಊಟಕ್ಕೆ ಕೂತಾಗ ನಂಜಮ್ಮ ಕೇಳಿದಳು. "ಸೆಕ್ರೆಟ್ರಮ್ಮಂಗೆ ಯಾವ ಪಾಯ ಅಂದೆ?"

"ಬೆಡ್ಡು."

ಸಾರು ಬಿಡುತ್ತಿದ್ದ ಸೌಟು ನಿಂತಿತು. "ಯಾರು, ನೀನಾ?"

ಶಿವಯ್ಯ ಮುದ್ದೆ ನೋಡುತ್ತಾ ಎಲ್ಲವನ್ನೂ ಹೇಳಿದ. "ನಿನ್ನ ನೋಡಕ್ಕೆ ಬರೋ ಆತ್ರ ಕಣೆ ಅವತ್ತು," ಎಂದು ಸೇರಿಸಿದ.

"ಬಂದು ಏನ್ ನೋಡ್ದೆ? ತಟ್ಟೆ ನೋಡ್ದೆ. ಉಪ್ಪಿಟ್ಟು ತಿಂದು ಇನ್ನೊಂದ್ಕಿತ ಆಕುಸ್ಕಂಡೆ. ಮಾರ್ನೆ ದಿನ ಬಂದಿದ್ರೂ ನಾನು ಅಲ್ಲೇ ಇರ್ತಿದ್ದೆ."

"ಇನ್ನೊಂದು ಗಂಡು ಬತ್ತದೆ ಅಂದಿದ್ರು ನಿಮ್ಮಪ್ಪ."

"ಅವ್ನು ಬರ್ನೇ ಇಲ್ಲ. ಅವ್ನೂ ಎಲ್ಲೋ ಹಗೇವು ತುಂಬ್ತಿದ್ದ ಅಂತ ಕಾಣ್ತದೆ. ಸರ್ಯಾಗಿ ತುಂಬ್ದ."

ಶಿವಯ್ಯ ಮುದ್ದೆ ಮುರಿಯುತ್ತಾ, "ಕಬ್ಬಿಣ ಜಾಸ್ತಿ ಆಕುಸ್ತೀನಿ. ಯಾರ್ಗೂ ಗೊತ್ತಾಗಕಿಲ್ಲ," ಅಂದ.

"ಊಂ. ಕ್ರೇನ್ ಡ್ರೈವರ್‌ಗೂ ಗೊತ್ತಾಗಕಿಲ್ಲ ಪಾಪ. ಒಳೀಕೆ ಓದ್ಮ್ಯಾಲೆ ಗೊತ್ತಾಯ್ತದೆ."

"ಹೇಳುದ್ರೆ ಎಸ್ರು ಓಯ್ತದೆ ಕಣೆ."

"ಓದ್ರೆ ಓಗ್ಲಿ. ನಾನು ಮುದ್ದೆ ಆಕ್ತಿರೋದು ನಿಂಗೆ, ಎಸ್ರಿಗಲ್ಲ," ಎಂದು ನಂಜಮ್ಮ ಸಾರು ಬಿಟ್ಟಳು.

ಮರುದಿನ ಬೆಳಿಗ್ಗೆ ಡೇರಿ ಮುಗಿಯುವ ಹೊತ್ತಿಗೆ ಶಿವಯ್ಯ ಕಣದಲ್ಲಿದ್ದ. ದಿಲೀಪನೂ ಬಂದಿದ್ದ, ಬೆಡ್ಡಿಗೆ ಕಬ್ಬಿಣ ಇಳಿಸಿಕೊಳ್ಳುತ್ತಿದ್ದ. ಪುಟ್ಟತಾಯಮ್ಮ, ಡೇರಿ ಮುಗಿಸಿ ಬಂದ ರೂಪಶ್ರೀ ನೋಡುತ್ತಾ ನಿಂತಿದ್ದರು. ನಂಜಮ್ಮನ ಮುಂದೆ ಸುಲಭವಾಗಿ ಬಂದ ಮಾತು ಇಲ್ಲಿ ಬರಲಿಲ್ಲ. ಶಿವಯ್ಯ ಸುತ್ತುಬಳಸಿ ಹೊರಟ.

"ಮನೆ ಒಂದತ್ತಡಿ ಮೂಡ್ಲಾಗಿ ಸರುಸುದ್ರೆ ಲಕ್ಷಣವಾಗಿರ್ತದೆ," ಅಂದ.

"ಮೂಡ್ಲಾಗಿ ತೆಂಗಿನ ಮರ ಅವೆ. ಲಕ್ಷಣ ಕಾಯಿ ಬಿಡಕಿಲ್ಲ," ಎಂದರು ಪುಟ್ಟತಾಯಮ್ಮ.

"ಈ ಮೂಲೇಲಿ ನಾಗ್ರಾವು ಓಡಾಡ್ತದೆ ದೊಡ್ಡವ್ವ."

"ಪೂಜೆ ಮಾಡುಸ್ತೀನಿ."

"ಬೆಡ್ ಹಾಕಿದ್ರೆ ಹಾವು ಮೇಲೆ ಬರಲ್ಲ," ಎಂದ ದಿಲೀಪ್.

ಶಿವಯ್ಯನ ಹತ್ತಿರ ಮೂರನೆಯ ನೆಪ ಇರಲಿಲ್ಲ. ಕ್ರೇನಿನ ಒಂದು ಕಾಲು ಬರುವ ಜಾಗಕ್ಕೆ ದಿಲೀಪ್ ಸುಣ್ಣದಲ್ಲಿ ಸೊನ್ನೆ ಬರೆದಿದ್ದ. ಶಿವಯ್ಯ ಹಿಂದಕ್ಕೆ ಸರಿದು ನಿಂತು, ಹಾರೆ ಎತ್ತಿ, ಆ ಸೊನ್ನೆಯ ನಡುವೆ ಬಲವಾಗಿ ಹಾಕಿ ಕೈಬಿಟ್ಟ.

ಹಾರೆ ಅಲ್ಲಾಡಲಿಲ್ಲ. ನೆಲದೊಳಗೆ ಇಳಿಯಿತು. ಅರ್ಧ ಇಳಿಯಿತು, ಮುಕ್ಕಾಲು ಇಳಿಯಿತು, ಕೊನೆಗೆ ಪೂರ್ತಿ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಠಣ್ ಎಂಬ ಸದ್ದು ಬಂತು. ನಾಲ್ಕೂ ಜನ ಆ ತೂತನ್ನು ನೋಡಿದರು.

"ಅದ್ನ ನೀನೇ ಅಲ್ವೇನ್ಲಾ ತುಂಬಿದ್ದು?" ಎಂದು ಪುಟ್ಟತಾಯಮ್ಮ ಕೇಳಿದರು.

"ನಾನೇ ತುಂಬಿದ್ದು ದೊಡ್ಡವ್ವ. ಹುಲ್ಲು ತುಂಬಿದ್ದು."

"ಯಾರ್ ಹುಲ್ಲು?"

"ನಿಮ್ದೇ. ಬಣವೇದು."

"ಅಂಗಾರೆ ಆ ವರ್ಷ ದನಕ್ಕೆ ಹುಲ್ಲು ಸಾಲ್ದೆ ಬಂದಿದ್ದು ಇದ್ಕೇ. ನಾನು ಸುಮ್ನೆ ನಮ್ಮ ಓರಗಿತ್ತಿ ಮ್ಯಾಲೆ ಅನುಮಾನ ಪಟ್ಟಿದ್ದೆ," ಎಂದರು. ಓರಗಿತ್ತಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ರೂಪಶ್ರೀ ತೂತಿನ ಹತ್ತಿರ ಹೋಗದೆ, ದೂರದಿಂದಲೇ ಕೇಳಿದಳು. "ನಿನ್ನೆ ಯಾಕೆ ಹೇಳ್ಲಿಲ್ಲ ಶಿವಯ್ಯಣ್ಣ?"

"ನಾಚ್ಕೆ ಆಯ್ತು."

"ಇವತ್ತು?"

"ಇವತ್ತೂ ಆಯ್ತಾ ಐತೆ."

ಅವಳು ಬೇರೆಯವರನ್ನು ಕರೆಯುತ್ತಾಳೆ ಎಂದು ಶಿವಯ್ಯ ಕಾದ. ಕರೆದರೆ ತಪ್ಪಲ್ಲ. ಅವಳು ಇನ್ನೊಂದು ಸಲ ಅವನ ಮುಖ ನೋಡಿದಳು. "ಈಗ ಹೇಳಿ. ಮೂರರಲ್ಲಿ ನಿಜವಾಗಿ ಯಾವ್ದು?"

"ಪಿಲ್ಲರ್ ಕಣವ್ವ. ಎಂಟು. ಎಲ್ಲಾನೂ ಗೊರಚು ಸಿಗೋಗಂಟ ಇಳೀಬೇಕು, ಮ್ಯಾಲೆ ಎಲ್ಲಾನೂ ಸೇರ್ಸಿ ಒಂದು ಕಾಂಕ್ರೀಟ್ ಬೆಲ್ಟು ಕಟ್ಬೇಕು. ಈ ಮೂಲೇದು ಹಗೇವಿನ ತಳದಿಂದ್ಲೇ ಏಳ್ಬೇಕು."

"ಡ್ರಾಯಿಂಗಲ್ಲಿ ನಾಲ್ಕಡಿ ಇದೆ," ಎಂದ ದಿಲೀಪ್.

"ಹಗೇವಲ್ಲಿ ಹದಿನಾಕಡಿ ಐತೆ ಸಾ."

ದಿಲೀಪ್ ಹಾಕಿದ್ದ ಟಿಕ್ ಹೊಡೆದು ಹಾಕಿದ.

ಹಗೇವಿನ ಬಾಯಿ ಬಿಡಿಸಿ, ಕೆಟ್ಟ ಗಾಳಿ ಹೋಗಲೆಂದು ಎರಡು ದಿನ ಬಿಟ್ಟರು. ಮೂರನೆಯ ದಿನ ಹಗ್ಗದಲ್ಲಿ ದೀಪ ಇಳಿಬಿಟ್ಟರು. ದೀಪ ಆರಲಿಲ್ಲ, ಶಿವಯ್ಯ ಇಳಿದ. ಕೊಳೆತದ್ದನ್ನೆಲ್ಲ ಬುಟ್ಟಿಯಲ್ಲಿ ಮೇಲೆ ಕಳಿಸಿದ. ಪುಟ್ಟತಾಯಮ್ಮ ಅದನ್ನು ತೆಂಗಿನ ಬುಡಕ್ಕೆ ಹಾಕಿಸಿದರು. ತಳ ಬಡಿದು, ಕಬ್ಬಿಣ ನಿಲ್ಲಿಸಿ, ಪಿಲ್ಲರ್ ಎಬ್ಬಿಸಿ, ಅದರ ಸುತ್ತ ಅರ್ಧರ್ಧ ಅಡಿಗೆ ಕಲ್ಲು, ಮಣ್ಣು, ನೀರು ಹಾಕಿ ದಿಮ್ಮಿಸು ಬಡಿಯುತ್ತಾ ಬಂದ. ಆ ಮೂಲೆಯ ಕೂಲಿಯನ್ನು ಅವನು ಕೇಳಲಿಲ್ಲ, ರೂಪಶ್ರೀ ಕೊಡುತ್ತೇನೆ ಅನ್ನಲೂ ಇಲ್ಲ.

ಊರಿನವರು ಬಂದು ಬಂದು ಹಗೇವಿನೊಳಗೆ ಬಗ್ಗಿ ನೋಡಿ ಹೋದರು. ಹಿಂದೆ ಇದನ್ನು ಮುಚ್ಚಿದ ವರ್ಷವೇ ಶಿವಯ್ಯ ಊರಲ್ಲಿ ಇನ್ನೂ ಮೂರು ಹಗೇವು ಮುಚ್ಚಿದ್ದ. ಆ ಮೂವರೂ ತಮ್ಮ ಅಂಗಳ ಅಗೆಸಿದರು. ಮೂರರಲ್ಲೂ ಕಲ್ಲುಮಣ್ಣು ಬಂಡೆಯ ಹಾಗಿತ್ತು, ಒಂದರಲ್ಲಿ ಗುದ್ದಲಿಯ ಕಾವೇ ಮುರಿಯಿತು. ಅದನ್ನು ನೋಡಲು ಯಾರೂ ಬರಲಿಲ್ಲ. ಅಗೆದದ್ದನ್ನು ಮುಚ್ಚಿಕೊಡು ಎಂದು ಮಾತ್ರ ಮೂವರೂ ಕೇಳಿದರು.

ಮುಂದಿನ ತಿಂಗಳು ಪಾಯ ಹಾಕಿಸಬೇಕಿದ್ದ ಬಸವರಾಜು ಹಗೇವಿನ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ. "ಬೇಜಾರ್ ಮಾಡ್ಕಬ್ಯಾಡ ಶಿವಣ್ಣ. ಚನ್ನರಾಯಪಟ್ಟಣದೋನೊಬ್ಬಂಗೆ ಒಪ್ಪುಸ್ಬುಟ್ಟೆ."

ದಿಮ್ಮಿಸಿನ ಸದ್ದು ನಿಂತಿತು. "ಒಳ್ಳೇದಾಯ್ತು. ನಿನ್ನ ಸೈಟಿನ ಪಡುವ್ಲಾಗಿ ಹಳೇ ತಿಪ್ಪೆಗುಂಡಿ ಐತೆ. ಅಲ್ಲಿ ಆಳ ತಗೀಬೇಕು ಅಂತ ಅವುನ್ಗೆ ಹೇಳು."

"ಅದ್ನ ತುಂಬಿದ್ದೂ ನೀನೇನಾ?"

"ನಿಮ್ಮಪ್ಪ ಕಣ."

ಸದ್ದು ಮತ್ತೆ ಶುರುವಾಯಿತು.

ಮಾಘದ ಒಂದು ಬೆಳಿಗ್ಗೆ ಮನೆ ಬಂತು. ಲಾರಿಯ ಮೇಲೆ, ಬಾಗಿಲಿಗೆ ಬೀಗ ಹಾಕಿಕೊಂಡು, ಊರೊಳಗೆ ಮೆಲ್ಲಗೆ ಬಂತು. ಕ್ರೇನು ನೈಋತ್ಯ ಮೂಲೆಯ ಪಕ್ಕದಲ್ಲಿ ಕಾಲೂರಿ ನಿಂತಾಗ ಜನ ಸ್ವಲ್ಪ ಹಿಂದೆ ಸರಿದರು. ಶಿವಯ್ಯ ಸರಿಯಲಿಲ್ಲ. ಮನೆ ಎದ್ದಿತು, ತೂಗಿತು, ಎಂಟು ಪಿಲ್ಲರಿನ ಮೇಲೆ ಕೂತಿತು. ಬೋಲ್ಟು ಬಿಗಿದು ದಿಲೀಪ್ ಕೈ ಒರೆಸಿಕೊಂಡ.

ಹಾಲು ಉಕ್ಕಿಸಬೇಕಿತ್ತು. ಪುಟ್ಟತಾಯಮ್ಮ ಹೊಸ್ತಿಲ ಹೊರಗೇ ನಿಂತರು. "ಮೊದ್ಲು ಶಿವಯ್ಯ ಒಳೀಕ್ ಓಗ್ಲಿ. ಆ ಮೂಲೇಲಿ ನಿಂತ್ಕಳ್ಳಿ. ಹಾಲು ಉಕ್ಕೋಗಂಟ ನಿಂತಿದ್ರೆ ನಾನು ಬತ್ತೀನಿ."

ಶಿವಯ್ಯ ಕಾಲು ತೊಳೆದುಕೊಂಡು ಒಳಗೆ ಹೋಗಿ ಮೂಲೆಯಲ್ಲಿ ನಿಂತ. ನಂಜಮ್ಮನೂ ಹೋಗಿ ಪಕ್ಕದಲ್ಲಿ ನಿಂತಳು. ಅವಳನ್ನು ಯಾರೂ ಕರೆದಿರಲಿಲ್ಲ. ಡೇರಿ ಸೆಕ್ರೆಟರಿಯ ಮನೆ, ಒಲೆಯ ಮೇಲೆ ಐದು ಲೀಟರ್ ಹಾಲಿತ್ತು, ಅದರಲ್ಲಿ ನೀರಿರಲಿಲ್ಲ. ಬಹಳ ಹೊತ್ತು ಹಿಡಿಯಿತು. ಕಿಟಕಿಯ ಸೊಳ್ಳೆಪರದೆಗೆ ಮೂಗು ಒತ್ತಿ ಜನ ಒಮ್ಮೆ ಹಾಲನ್ನು, ಒಮ್ಮೆ ಶಿವಯ್ಯನ ಪಾದವನ್ನು ನೋಡಿದರು.

ಕೊನೆಗೆ ಹಾಲು ಉಕ್ಕಿತು. ಮೂಡಲಿಗೆ ಉಕ್ಕಿದರೆ ಒಳ್ಳೆಯದು ಎಂಬ ಮಾತಿದೆ, ಎಲ್ಲರೂ ಅದನ್ನೇ ಕಾಯುತ್ತಿದ್ದರು. ಹಾಲು ಯಾವ ದಿಕ್ಕನ್ನೂ ಹಿಡಿಯದೆ ಪಾತ್ರೆಯ ಸುತ್ತ ಸಮನಾಗಿ ಇಳಿಯಿತು. ಇದು ಶುಭವೋ ಅಶುಭವೋ ಯಾರಿಗೂ ತಿಳಿಯಲಿಲ್ಲ. ಮಟ್ಟ ಸರಿಯಾಗಿದೆ ಎಂದು ಶಿವಯ್ಯನಿಗೆ ತಿಳಿಯಿತು.

ಪುಟ್ಟತಾಯಮ್ಮ ಬಲಗಾಲಿಟ್ಟು ಒಳಗೆ ಬಂದು, ಮೂಲೆಯತ್ತ ನೋಡಿ, "ಕುಂತ್ಕೊ," ಅಂದರು.