ತಾತನ ಕಣ್ಣು ಅವನಿಗೆ ಬಂತು

ತಲೆಗೂದಲಿಗೆ ಹೊಗೆಸೊಪ್ಪಿನ ವಾಸನೆ ಹತ್ತಿದರೆ ದಸರಾ ರಜೆ ಶುರುವಾಯಿತು ಎಂದುಕೊಳ್ಳುತ್ತಿದ್ದ ಕಾಲ ಅದು. ಹುಣಸೂರಿನಲ್ಲಿ ಬಸ್ಸು ಹತ್ತಿ ಗಾವಡಗೆರೆ ಹತ್ತಿರವಾಗುವ ಹೊತ್ತಿಗೆ ಆ ಸಿಹಿ ಘಾಟು ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಹೊಲಗಳ ಅಂಚಿನಲ್ಲಿ ಎತ್ತರದ ಬ್ಯಾರನ್‌ಗಳು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗಿನಿಂದ ಬೆಂಕಿ ಕೊಟ್ಟು ಹದ ಮಾಡುವ ಮನೆಗಳು ಅವು. ನನ್ನ ತಾತನದೂ ಒಂದಿತ್ತು. ತಾತ ಎಂದರೆ ಅಮ್ಮನ ಅಪ್ಪ. ಅಮ್ಮ ಅವರಿಗೆ ಒಬ್ಬಳೇ ಮಗಳು, ನಾನು ಮೊದಲ ಮೊಮ್ಮಗಳು. ಹಾಗಾಗಿ ತಾತ ನನ್ನ ಸ್ವತ್ತು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ಅನುಮಾನ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ರಜೆಯಲ್ಲಿ. ನಾನು ಆರನೇ ಕ್ಲಾಸು, ತಮ್ಮ ಮಂಜ ನಾಲ್ಕನೇ ಕ್ಲಾಸು. ಅಲ್ಲಿಯವರೆಗೆ ಅವನು ಅಮ್ಮನ ಸೆರಗು ಬಿಟ್ಟು ಎಲ್ಲೂ ಉಳಿದವನಲ್ಲ. ಆ ವರ್ಷ ಅಮ್ಮ ಇಬ್ಬರನ್ನೂ ತಾತನ ಮನೆಯಲ್ಲಿ ಬಿಟ್ಟು ಹುಣಸೂರಿಗೆ ವಾಪಸ್ ಹೋದಳು.

ಮಂಜ ಪೆದ್ದ ಎಂದು ನಮ್ಮ ಬೀದಿಯ ಹುಡುಗರಿಗೆಲ್ಲ ಗೊತ್ತಿತ್ತು. ‘ಕಲರ್ ಕಲರ್ ಯಾವ ಕಲರ್’ ಎಂಬ ಆಟ ಆಡುತ್ತಿದ್ದೆವಲ್ಲ, ಹೇಳಿದ ಬಣ್ಣವನ್ನು ಓಡಿಹೋಗಿ ಮುಟ್ಟಬೇಕು. ಹಸಿರು ಎಂದರೆ ಇವನು ಯಾರದೋ ಮನೆಯ ಕಂದು ಬಾಗಿಲು ಹಿಡಿದು ನಿಲ್ಲುತ್ತಿದ್ದ. ಔಟಾಗುತ್ತಿದ್ದ, ಅಳುತ್ತಿದ್ದ. ನಾನು ಗೆಲ್ಲುತ್ತಿದ್ದೆ. ಬಣ್ಣದ ವಿಷಯಕ್ಕೆ ಬಂದರೆ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ.

ಆ ಜಂಬಕ್ಕೆ ತಾತನ ಹೊಲದಲ್ಲಿ ಬೆಲೆಯೂ ಇತ್ತು. ತಾತ ತನ್ನ ಕೆಂಪು ಟವಲನ್ನು ಹುಲ್ಲಿನ ಮೇಲೆ ಹಾಕಿ ಕೆಲಸಕ್ಕಿಳಿದರೆ ಆಮೇಲೆ ಅದು ಅವನಿಗೆ ಸಿಗುತ್ತಿರಲಿಲ್ಲ. ಕಣ್ಣೆದುರೇ ಇರುತ್ತಿತ್ತು. “ಅವ್ವ, ನನ್ ಟವಲ್ ನೋಡ್ದಾ?” ಎಂದು ಕೂಗಬೇಕು, ನಾನು ಓಡಿಹೋಗಿ ಎತ್ತಿಕೊಡಬೇಕು. ಅಂಥ ಕೆಲಸಗಳಿಂದಲೇ ಅಲ್ಲವೇ ಒಬ್ಬರು ಇನ್ನೊಬ್ಬರಿಗೆ ಬೇಕಾದವರಾಗುವುದು.

ಆ ಸಲವೂ ತಾತ ಕೂಗಿದ. ಬದುವಿನ ಹತ್ತಿರ ಮಂಜ ನಿಂತಿದ್ದ. ಅತ್ತ ಇತ್ತ ನೋಡಿ, “ಇಲ್ಲೆಲ್ಲೂ ಇಲ್ಲ ತಾತ” ಎಂದ.

“ನಿನ್ ಕಾಲ್ ಹತ್ರಾನೇ ಬಿದ್ದದಲ್ಲೋ ಕುರುಡ!” ಎಂದು ನಾನು ನಕ್ಕೆ.

ತಾತ ನಗಲಿಲ್ಲ. ಮಂಜನನ್ನೇ ನೋಡುತ್ತಾ ಬಂದ. ಅವನ ಕೈ ಹಿಡಿದು ಮೆಣಸಿನ ಗಿಡದ ಹತ್ತಿರ ಕರೆದುಕೊಂಡು ಹೋಗಿ, “ಇದ್ರಾಗೆ ಅಣ್ಣಾಗಿರೋ ಕಾಯಿ ಕಿತ್ಕೊಡ್ಲಾ” ಎಂದ. ಗಿಡದ ತುಂಬ ಕೆಂಪು ಕಾಯಿಗಳು ಜೋತಾಡುತ್ತಿದ್ದವು. ಮಂಜ ಒಂದೊಂದನ್ನೇ ಬೆರಳಿನಲ್ಲಿ ಒತ್ತಿ, ಮೂಸಿ, ಕೊನೆಗೆ ಒಂದು ಹಸಿರು ಕಾಯಿಯನ್ನು ಕಿತ್ತುಕೊಟ್ಟ. ತಾತ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಹೊರಟೇಹೋದ. ನಾಲ್ಕನೇ ಕ್ಲಾಸಿನ ಕತ್ತೆಯನ್ನು!

ಅವತ್ತಿನಿಂದ ಅವರಿಬ್ಬರದೇ ಒಂದು ಲೋಕವಾಯಿತು. ಬ್ಯಾರನ್ನಿನ ಒಲೆ ಬಾಯಿಯ ಮುಂದೆ ಕೂತು ಕೆಂಡದಲ್ಲಿ ಗೆಣಸು ಸುಡುವರು. ಸುಟ್ಟ ಗೆಣಸಿನ ಮೊದಲ ಹೋಳು ಹಿಂದೆಲ್ಲ ನನ್ನ ಬಾಯಿಗೆ ಬರುತ್ತಿದ್ದದ್ದು ಈಗ ಅವನ ಬಾಯಿಗೆ. ನಾನು ಅಜ್ಜಿಯ ಜೊತೆ ಜಗಲಿಯಲ್ಲಿ ಕೂತು ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದೆ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆ ಬಣ್ಣದ್ದು ಇನ್ನೊಂದು ಕಡೆ, ಹಸಿರು ಮಚ್ಚೆ ಇದ್ದದ್ದು ಬೇರೆ. ಕೈಗೆ ಹತ್ತಿದ ಅಂಟು ಎಷ್ಟು ಉಜ್ಜಿದರೂ ಹೋಗದೆ ಊಟ ಮಾಡುವಾಗ ಮುದ್ದೆಯೂ ಕಹಿಯಾಗುತ್ತಿತ್ತು. ಕಿವಿ ಮಾತ್ರ ಒಲೆಯ ಕಡೆಗೇ.

“ಆ ಗುಡ್ಡ ಯಾವ್ ಬಣ್ಣ ಕಾಣ್ತದ್ಲಾ ಮಂಜ?”

“ಒಣಗಿದ್ ಮಣ್ಣಿನ್ ತರ ತಾತ.”

“ಊ ಕಣ್ಲಾ, ನಂಗೂ ಅಂಗೇಯ!”

“ಹಸ್ರು ಕಣ್ರೋ ಅದು!” ಎಂದು ನಾನು ಜಗಲಿಯಿಂದ ಕಿರುಚಿದೆ. ಇಬ್ಬರೂ ತಿರುಗಿ ನೋಡಿದರು, ತಪ್ಪಿ ಬೇರೆಯವರ ಮನೆಗೆ ಬಂದವಳನ್ನು ನೋಡುವ ಹಾಗೆ. ಅವನು ಗಂಡು ಹುಡುಗ, ಅದಕ್ಕೇ ಈ ಮುದ್ದು ಎಂದುಕೊಂಡು ಹೊಟ್ಟೆ ಉರಿದು ಹೋಯಿತು. ಅವತ್ತು ರಾತ್ರಿ ಉಣ್ಣಲಿಲ್ಲ. ತಾತ ಅದನ್ನು ಗಮನಿಸಲೂ ಇಲ್ಲ.

ಬ್ಯಾರನ್ನಿನ ಗೋಡೆಯಲ್ಲಿ ಒಂದು ಸಣ್ಣ ಗಾಜಿನ ಕಿಂಡಿ ಇತ್ತು. ಮೊದಲು ಸಣ್ಣ ಬೆಂಕಿ ಕೊಟ್ಟು ಒಳಗಿನ ಸೊಪ್ಪು ಹಳದಿಗೆ ತಿರುಗುವವರೆಗೂ ಕಾಯಬೇಕು. ತಿರುಗಿದ ಮೇಲೆಯೇ ಬೆಂಕಿ ಜೋರು ಮಾಡಬೇಕು. ಹಸಿರಿರುವಾಗಲೇ ಜೋರು ಮಾಡಿದರೆ ಹಸಿರು ಹಾಗೇ ಕೂತುಬಿಡುತ್ತದೆ, ಹರಾಜಿನಲ್ಲಿ ಅಂಥ ಸೊಪ್ಪನ್ನು ಕೇಳುವವರಿಲ್ಲ. ಆ ಮನೆಯಲ್ಲಿ ಬೆಂಕಿ ತಾತನದು, ಬಣ್ಣ ಅಜ್ಜಿಯದು. “ನೋಡಮ್ಮಿ, ತಿರುಗ್ತಾ?” ಎಂದು ತಾತ ಕೇಳುವುದು, ಅಜ್ಜಿ ಕಿಂಡಿಗೆ ಕಣ್ಣಿಟ್ಟು “ಇನ್ನೂ ಇಲ್ಲ, ತಡೀರಿ” ಎನ್ನುವುದು. ತಾತನಿಗೆ ಕಣ್ಣು ಸಾಲದು ಎಂದಷ್ಟೇ ನಮಗೆ ಗೊತ್ತಿದ್ದದ್ದು.

ಆ ರಜೆಯ ನಡುವೆ ಹಾರನಹಳ್ಳಿಯಲ್ಲಿದ್ದ ಅಜ್ಜಿಯ ತಂಗಿಗೆ ಜೋರು ಜ್ವರ ಬಂದು ಅಜ್ಜಿ ಅಲ್ಲಿಗೆ ಹೊರಡಬೇಕಾಯಿತು. ಬ್ಯಾರನ್ ತುಂಬ ಸೊಪ್ಪು ಏರಿಸಿಯಾಗಿತ್ತು. ಹೊರಡುವ ಮುಂಚೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು.

“ಮಗ, ಬಣ್ಣ ನೀನೇ ನೋಡ್ಬೇಕು. ಪೂರಾ ಹಳ್ದಿ ಬರಗಂಟ ಬೆಂಕಿ ಏರ್ಸಕ್ ಬುಡ್ಬ್ಯಾಡ.”

ನನಗೆ ರಾಜ್ಯ ಸಿಕ್ಕಿದ ಹಾಗಾಯಿತು. ಇನ್ನು ತಾತ ನನ್ನನ್ನು ಕೇಳದೆ ಒಂದು ಕೊರಡನ್ನೂ ಒಲೆಗೆ ಹಾಕುವ ಹಾಗಿಲ್ಲ. ಗಳಿಗೆಗೊಮ್ಮೆ ಕಿಂಡಿಯ ಹತ್ತಿರ ಹೋಗಿ ಇಣುಕಿದೆ. ಮಾರನೆಯ ದಿನ ಮಧ್ಯಾಹ್ನ ಹುರುಳಿಕಟ್ಟಿನ ಸಾರು ಬಿಸಿ ಮಾಡಿ ಹೊರಗೆ ಬಂದರೆ ತಾತ ಮಂಜನನ್ನು ಕಂಕುಳಲ್ಲಿ ಎತ್ತಿ ಕಿಂಡಿಗೆ ಹಿಡಿದಿದ್ದ!

“ಹಳ್ದಿ ಬಂದದೆ ತಾತ” ಎಂದ ಮಂಜ.

ತಾತ ತಾನೂ ಬಗ್ಗಿ ನೋಡಿದ. “ಊ, ಬಂದದೆ. ನಂಗೂ ಅಂಗೇ ಕಾಣ್ತದೆ.”

ಓಡಿಹೋಗಿ ನೋಡಿದೆ. ತಿಳಿ ಹಸಿರು. ಅಂಚು ಮಾತ್ರ ಹಳದಿಗೆ ತಿರುಗುತ್ತಿತ್ತು. “ಇಲ್ಲ ತಾತ, ಇನ್ನೂ ಹಸ್ರು ಅದೆ. ನೀನೇ ನೋಡು ಅಂತ ಅಜ್ಜಿ ನಂಗ್ ಹೇಳವ್ಳೆ.”

“ಇಬ್ರುಗೂ ಕಾಣ್ತಾ ಅದಲ್ಲವ್ವ” ಎಂದು ತಾತ ಮೆತ್ತಗೆ ಹೇಳಿ ಒಲೆಗೆ ದೊಡ್ಡ ಕೊರಡು ತಳ್ಳಿದ.

ಅವನ ಪಂಚೆ ಹಿಡಿದು ಎಳೆದೆ, ಕೂಗಾಡಿದೆ, ಅತ್ತೆ. ನಾನು ಅವನ ಕಾಲು ಕಾಲು ಸುತ್ತಿ ಬೆಳೆದವಳು, ನಿನ್ನೆ ಮೊನ್ನೆ ಬಂದ ಆ ಪೆದ್ದನ ಮಾತು ನನ್ನ ಮಾತಿಗಿಂತ ಮೇಲಾಯಿತಲ್ಲ! ಸೊಪ್ಪಿನ ಗತಿ ಏನು ಎಂಬ ಚಿಂತೆ ಒಂದಿಷ್ಟೂ ನನಗಿರಲಿಲ್ಲ. ನನ್ನ ಮಾತೇ ನಿಜವಾಗಲಿ, ತಾತ ಬಂದು ನನ್ನ ಮುಂದೆ ನಿಲ್ಲಲಿ ಎಂದು ಕಾಯುತ್ತಿದ್ದೆ.

ನನ್ನ ಮಾತೇ ನಿಜವಾಯಿತು. ಬ್ಯಾರನ್ ತೆಗೆದ ದಿನ ಅಜ್ಜಿಯೂ ಊರಿಂದ ಬಂದಳು. ಒಣಗಿದ ಸೊಪ್ಪೆಲ್ಲ ಪಾಚಿ ಹಿಡಿದ ಹಸಿರು. ಅಜ್ಜಿ ಒಂದು ಕಡ್ಡಿ ಸೊಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕುಸಿದು ಕೂತಳು.

“ಏನ್ ಮಾಡ್ಬುಟ್ರಿ ನೀವು? ಮಗೀಗೆ ಹೇಳ್ಬುಟ್ ಹೋಗಿದ್ನಲ್ಲ, ಅದು ಹೇಳ್ಲಿಲ್ವಾ?”

“ಹೇಳ್ದೆ ಅಜ್ಜಿ. ತಾತ ಕೇಳ್ನಿಲ್ಲ” ಎಂದೆ. ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿಕೊಂಡಿದ್ದೆನೋ.

ತಾತ ತಲೆ ತಗ್ಗಿಸಿಕೊಂಡೇ ಹೇಳಿದ. “ಉಟ್ಟಿದಾಗ್ನಿಂದ ನಾ ಅಂಗಂದ್ರೆ ಜನ ಇಂಗಂತಾರೆ ಕಣಮ್ಮಿ. ನಂಗ್ ಕಂಡಂಗೇ ಇನ್ನೊಬ್ರುಗೆ ಕಂಡಿದ್ದು ಇದೇ ಮೊದ್ಲು. ನಂಬ್ಬುಟ್ಟೆ.”

ಬೈಯಲು ಬಾಯಿ ತೆರೆದಿದ್ದ ಅಜ್ಜಿ ಸೊಪ್ಪನ್ನು ತೊಡೆಯಿಂದ ಕೆಳಗಿಟ್ಟಳು. ಮದುವೆಯಾದ ಹೊಸದರಲ್ಲಿ ಹಸಿರು ಸೀರೆ ಎಂದು ತಾತ ಕಂದು ಸೀರೆ ತಂದುಕೊಟ್ಟಿದ್ದನ್ನು, ತಾನು ಅದನ್ನು ಹಸಿರು ಎಂದೇ ಹೇಳಿಕೊಂಡು ಉಟ್ಟದ್ದನ್ನು ಅವತ್ತು ನಮಗೆ ಹೇಳಿದಳು. ಮಂಜ ತಾತನ ತೊಡೆಯಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದ. ತಾತ ಅವನ ಬೆನ್ನು ಸವರುತ್ತಿದ್ದ. ತಪ್ಪು ಮಾಡಿದವರಿಬ್ಬರೂ ಒಬ್ಬರಿಗೊಬ್ಬರು ಆತುಕೊಂಡಿದ್ದರು. ಸರಿ ಹೇಳಿದ ನಾನು ಕಂಬ ಹಿಡಿದು ಒಬ್ಬಳೇ ನಿಂತಿದ್ದೆ. “ನಿನ್ ಕಣ್ಣು ಬಂಗಾರ ಕಣವ್ವ” ಎಂದಳು ಅಜ್ಜಿ. ಆ ಬಂಗಾರ ಯಾರಿಗೆ ಬೇಕಾಗಿತ್ತು?

ಸುದ್ದಿ ತಿಳಿದು ಅಮ್ಮ ಬಂದಳು. ಮಂಜನನ್ನೂ ತಾತನನ್ನೂ ಹುಣಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ನಾನು ಹಟ ಮಾಡಿ ಜೊತೆಗೆ ಹೋದೆ. ಡಾಕ್ಟರಮ್ಮನ ಹತ್ತಿರ ಬಣ್ಣದ ಚುಕ್ಕೆಗಳ ಪುಸ್ತಕವೊಂದಿತ್ತು. ಚುಕ್ಕೆಗಳ ನಡುವೆ ಅಂಕಿ ಅಡಗಿರುತ್ತದೆ. ಒಂದು ಹಾಳೆಯಲ್ಲಿ ನನಗೆ ಎಂಟು ಕಂಡರೆ ಮಂಜ ಮೂರು ಎಂದ. ಅವನನ್ನು ಹೊರಗೆ ಕಳಿಸಿ ತಾತನಿಗೆ ತೋರಿಸಿದರೆ ತಾತನೂ ಮೂರು ಎಂದ. ಅದು ಹೋಗಲಿ. ಮಂಜನನ್ನು ಒಳಗೆ ಕರೆದು ತೋರಿಸಿದ ಇನ್ನೊಂದು ಹಾಳೆಯಲ್ಲಿ ನನಗೆ ಬರೀ ಚುಕ್ಕೆಗಳು, ಅಂಕಿಯೇ ಇಲ್ಲ. ಅವರಿಬ್ಬರೂ ಅದರಲ್ಲಿ ಐದು ಎಂದು ಓದಿದರು. ಬಣ್ಣ ಸರಿಯಾಗಿ ಕಾಣದವರಿಗೆ ಮಾತ್ರ ಕಾಣುವ ಅಂಕಿಯಂತೆ ಅದು! ನಾನು ಪುಸ್ತಕಕ್ಕೆ ಮೂಗು ತಾಗಿಸಿ ನೋಡಿದೆ. ತಾತನಿಗೂ ಅವನಿಗೂ ಕಾಣುವುದು ನನಗೆ ಮಾತ್ರ ಕಾಣುವುದಿಲ್ಲ.

“ನಂಗೂ ಐದು ಕಾಣ್ತದೆ” ಎಂದೆ. ಡಾಕ್ಟರಮ್ಮ ನಗುತ್ತಾ ಅಂಥದೇ ಇನ್ನೊಂದು ಹಾಳೆ ತಿರುಗಿಸಿದರು. ಅದರಲ್ಲಿ ಏನಿದೆಯೆಂದು ಯಾರೂ ಇನ್ನೂ ಹೇಳಿರಲಿಲ್ಲ. “ಆರು” ಎಂದೆ. ಮಂಜ “ಎರಡು ಅಲ್ವಾ?” ಎಂದ.

“ನಮ್ಮನೇಲಿ ಇವನ ಅಪ್ಪನಿಗೆ ಚೆನ್ನಾಗಿ ಕಾಣುತ್ತೆ, ನನಗೂ ಕಾಣುತ್ತೆ, ಇವನಿಗೆ ಹೆಂಗೆ ಬಂತು ಡಾಕ್ಟ್ರೇ?” ಎಂದು ಅಮ್ಮ ಕೇಳಿದಳು.

“ಬಣ್ಣ ನೋಡೋ ಶಕ್ತಿನ ಒಂದು ಬುತ್ತಿ ಅಂದ್ಕೊಳ್ಳಿ” ಎಂದರು ಡಾಕ್ಟರಮ್ಮ. “ಹೆಣ್ಣುಮಗುಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡು ಬುತ್ತಿ ಸಿಗುತ್ತೆ. ಒಂದು ಹಳಸಿದ್ರೂ ಇನ್ನೊಂದರಲ್ಲಿ ನಡೆಯುತ್ತೆ. ಗಂಡುಮಗುಗೆ ಅಮ್ಮ ಕೊಟ್ಟಿದ್ದು ಒಂದೇ. ಅದು ಹಳಸಿದ್ರೆ ಬೇರೆ ಇಲ್ಲ. ಅದಕ್ಕೇ ಇದು ಗಂಡಸರಲ್ಲಿ ಜಾಸ್ತಿ. ನಿಮ್ಮಪ್ಪನ ಹತ್ರ ಇದ್ದಿದ್ದೇ ಹಳಸಿದ್ದು, ಅದು ನಿಮಗೆ ಬಂತು. ನಿಮ್ಮಮ್ಮ ಕೊಟ್ಟಿದ್ದು ಚೆನ್ನಾಗಿತ್ತು, ನಿಮಗೆ ಗೊತ್ತೇ ಆಗ್ಲಿಲ್ಲ. ಮಗನಿಗೆ ಕೊಡುವಾಗ ನಿಮ್ಮಪ್ಪಂದೇ ಹೋಯ್ತು.”

“ಮುಂದೆ ಇವನ ಗಂಡುಮಕ್ಕಳಿಗೂ ಬರುತ್ತಾ?”

“ಇವನಿಂದ ಬರಲ್ಲ. ಅಪ್ಪ ಈ ಬುತ್ತಿನ ಮಗನಿಗೆ ಕೊಡೋದೇ ಇಲ್ಲ. ಹೆಣ್ಣುಮಕ್ಕಳಾದ್ರೆ ಅವರ ಹತ್ರ ಇರುತ್ತೆ.”

ನಾನು ಮೇಜಿನ ಅಂಚು ಹಿಡಿದುಕೊಂಡು ಕೇಳಿದೆ. “ನನ್ನತ್ರ ಅದೆಯಾ ಡಾಕ್ಟ್ರೇ? ತಾತಂದು?”

“ಇರಬಹುದು ಮರಿ, ಇಲ್ಲದೇನೂ ಇರಬಹುದು. ನಿನಗೆ ಯಾವತ್ತಾದ್ರೂ ಮಗ ಹುಟ್ಟಿ ಅವನಿಗೆ ಬಂದ್ರೆ, ಇತ್ತು ಅಂತ ಗೊತ್ತಾಗುತ್ತೆ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಒಬ್ಬ ಮಗ ಹುಟ್ಟಲೇಬೇಕು, ಅವನಿಗೆ ಅದು ಬರಲೇಬೇಕು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. “ನನ್ನಿಂದ್ಲೇ ಬಂತಲ್ಲಪ್ಪ ಮಗೀಗೆ.”

“ನಿನ್ನಿಂದಲ್ಲ ಕಣವ್ವ, ನನ್ನಿಂದ. ನೀನ್ ದಾಟುಸ್ದೆ ಅಷ್ಟೆ” ಎಂದ ತಾತ. ಮಂಜ ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ನಾನು ತಾತನ ಕಡೆ ಬಾಗಿ ಮೆಲ್ಲಗೆ ಹೇಳಿದೆ. “ತಾತ, ನನ್ನತ್ರಾನೂ ನಿಂದು ಇರಬೋದಂತೆ.”

“ಬ್ಯಾಡ ಕಣವ್ವ, ನಿಂಗ್ಯಾಕೆ ಅದು. ನೀನ್ ಎಲ್ಲಾನೂ ನೋಡ್ಕಂಡಿರು” ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ಅದು ಆಶೀರ್ವಾದ ಎಂದು ಈಗ ತಿಳಿಯುತ್ತದೆ. ಅವತ್ತು ನನಗೆ ಕೇಳಿಸಿದ್ದು ಬೇಡ ಎಂಬ ಮಾತು ಒಂದೇ. ಗಾವಡಗೆರೆ ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತೆ.

ತಾತ, ಅಜ್ಜಿ ಇಬ್ಬರೂ ಹೋಗಿ ವರ್ಷಗಳಾದವು. ಬ್ಯಾರನ್ ಕೆಡವಿ ಆ ಜಾಗದಲ್ಲಿ ಯಾರೋ ಶುಂಠಿ ಹಾಕಿದ್ದಾರೆ. ಮಂಜ ಪೊಲೀಸ್ ಆಗಬೇಕೆಂದು ಹೋಗಿ ಕಣ್ಣಿನ ಪರೀಕ್ಷೆಯಲ್ಲಿ ವಾಪಸ್ಸಾದ. ಈಗ ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನಿಗೆ ಇಬ್ಬರು ಮಕ್ಕಳು, ಇಬ್ಬರೂ ಗಂಡು. ಡಾಕ್ಟರಮ್ಮ ಹೇಳಿದ ಹಾಗೆ ಅವರಿಗೆ ಎಲ್ಲ ಬಣ್ಣವೂ ಕಾಣುತ್ತದೆ.

ನನಗೆ ಒಬ್ಬನೇ ಮಗ. ಅವನು ಸ್ಕೂಲಿಗೆ ಸೇರಿದ ವರ್ಷ ಮನೆಯಲ್ಲಿ ಯಾರಿಗೂ ಹೇಳದೆ ಮೈಸೂರಿನಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿದೆ. ತೋರಿಸಿದ್ದನ್ನೆಲ್ಲ ಪಟಪಟನೆ ಓದಿದ. “ಇನ್ನೊಂದ್ಸಲ ನಿಧಾನಕ್ಕೆ ನೋಡು ಕಂದ” ಎಂದೆ. ಎರಡನೆಯ ಸಲವೂ ತಪ್ಪಿಲ್ಲ. ನಿಮ್ಮಲ್ಲಿ ಇದ್ದೂ ಮಗನಿಗೆ ಬರದೆ ಇರಬಹುದು, ಹೇಳಲಾಗುವುದಿಲ್ಲ ಎಂದರು ಡಾಕ್ಟರು. ನನಗೆ ಇನ್ನೊಂದು ಮಗುವಾಗುವ ಹಾಗಿರಲಿಲ್ಲ.

ಹೊರಗೆ ಬಂದು ಮಂಜನಿಗೆ ಫೋನ್ ಮಾಡಿದೆ.

“ಒಳ್ಳೇದಾಯ್ತು ಬುಡಕ್ಕ, ನಾನ್ ಪಟ್ಟ ಪಾಡು ಅವ್ನಿಗ್ಯಾಕೆ” ಎಂದ. ಆಮೇಲೆ, “ಅಂಗಾರೆ ತಾತುನ್ ತರ ನೋಡೋನು ಇನ್ನ್ ನಾನೊಬ್ನೇ ಅನ್ನು” ಎಂದ. ಅವನ ದನಿ ಸಣ್ಣದಾಗಿತ್ತು.

ಅವನಿಗೆ ಏನಾದರೂ ಸಮಾಧಾನ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, “ನಿಂಗಾದ್ರೂ ಬಂತಲ್ಲೋ” ಎಂಬ ಮಾತು.