ವಿಮಾನದ ಮೂಗಿಗೆ ಒಂದು ಚಿಟಿಕೆ

ನನ್ನ ಅಣ್ಣ ಶಿವರಾಜನ ತಲೆಗೂದಲು ಸದಾ ಒಣಗಿ ಕೆದರಿರುತ್ತಿತ್ತು. ಬೆರಳುಗಳು ಮಾತ್ರ ಹರಳೆಣ್ಣೆಯಿಂದ ಮಿನುಗುತ್ತಿದ್ದವು. "ತಲೆಗೆ ಅಚ್ಕಳ್ಳಪ್ಪ ಅಂತ ಎಣ್ಣೆ ಕೊಟ್ರೆ ರಬ್ಬರಿಗೆ ಅಚ್ತಾ ಕುಂತವ್ನೆ! ಅದೇನು ಬಾಣಂತಿನಾ?" ಎಂದು ಅವ್ವ ಬ್ಯಾಟರಾಯನಪುರದ ನಮ್ಮ ಜಗಲಿಯಿಂದ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

"ಎಣ್ಣೆ ಇಲ್ದಿದ್ರೆ ಸುತ್ತುವಾಗ ರಬ್ಬರು ಕಿತ್ಕೊಂಡ್ ಹೋಗತ್ತೆ ಕಣವ್ವ. ನನ್ ತಲೆ ಎಲ್ಲಿಗೂ ಹೋಗಲ್ಲ," ಎಂದು ಅಣ್ಣ ನಗುತ್ತಿದ್ದ.

ಎಪ್ಪತ್ತರ ದಶಕದ ಮಾತು. ಅವನು ಕಾಲೇಜಿಗೆ ಹೋಗುತ್ತಿದ್ದ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಮನೆಯಲ್ಲಿದ್ದೆ. ರಬ್ಬರು ಸುತ್ತಿ ಹಾರಿಸುವ ಪುಟ್ಟ ವಿಮಾನ ಕಟ್ಟಲು ಪೇಟೆಯಿಂದ ಅವನು ಬಾಲ್ಸಾ ಮರದ ಹಾಳೆ ತರುತ್ತಿದ್ದ. ಕೈಯಲ್ಲಿಟ್ಟರೆ ಹಪ್ಪಳಕ್ಕಿಂತ ಹಗುರ. ಬ್ಲೇಡಿನಲ್ಲಿ ಅದನ್ನು ಕಡ್ಡಿಗಳಾಗಿ ಸೀಳಿ, ಅಂಟಿಸಿ, ರೆಕ್ಕೆಗೆ ತೆಳು ಕಾಗದ ಹೊದಿಸುತ್ತಿದ್ದ. ಕಾಗದದ ಮೇಲೆ ನೀರು ಚಿಮುಕಿಸಿದರೆ ಅದು ಒಣಗುತ್ತಾ ತಮಟೆಯ ಚರ್ಮದಂತೆ ಬಿಗಿಯುತ್ತಿತ್ತು. ಆ ಕೆಲಸ ನನ್ನದು. ಬಾಯಲ್ಲಿ ನೀರು ತುಂಬಿಕೊಂಡು ಊದಬೇಕು. "ಉಫ್ ಅನ್ನೇ, ಥೂ ಅನ್ಬೇಡ. ನನ್ ವಿಮಾನ ಏನ್ ತಪ್ಪು ಮಾಡಿದೆ?" ಎನ್ನುತ್ತಿದ್ದ.

ಗಾಳಿ ಏಳುವ ಮೊದಲೇ ಇಬ್ಬರೂ ಜಕ್ಕೂರಿನ ಬಯಲಿಗೆ ಹೋಗುತ್ತಿದ್ದೆವು. ಮೊದಲು ರಬ್ಬರು ಸುತ್ತದೆ, ಹುಲ್ಲಿನ ಮೇಲೆ ಸುಮ್ಮನೆ ತೇಲಿಬಿಡುವುದು. ಮೂಗೆತ್ತಿ ನಿಂತು ಬಿದ್ದರೆ ಮೂಗಿನ ಒಳಗೆ ಭಾರಕ್ಕೆಂದು ಹಸಿರು ಕ್ಲೇ, ಅಂದರೆ ಮೆತ್ತನೆಯ ಅಂಟುಜೇಡಿ, ಒಂದು ಚಿಟಿಕೆ ಒತ್ತಬೇಕು. ಮುಗ್ಗರಿಸಿದರೆ ಚಿಟಿಕೆ ತೆಗೆಯಬೇಕು. "ಮೊದ್ಲು ನೆಟ್ಟಗೆ ಇಳಿಯೋದ್ ಕಲೀಲಿ, ಆಮೇಲೆ ಏರೋದು" ಎನ್ನುವುದು ಅವನ ಮಂತ್ರ. ಸೈಕಲ್ ಕಲಿಯುವವರಿಗೂ ಹೊಸದಾಗಿ ಮದುವೆಯಾದ ನಮ್ಮ ಸೋದರಮಾವನಿಗೂ ಅದನ್ನೇ ಹೇಳಿದ್ದ. ಹದ ಕೂತ ಮೇಲೆ ನಾನು ವಿಮಾನ ಹಿಡಿದು ನಿಲ್ಲುತ್ತಿದ್ದೆ. ಅವನು ರಬ್ಬರನ್ನು ದೂರಕ್ಕೆ ಎಳೆದು ಕೈಡ್ರಿಲ್ಲಿನಿಂದ ಸುತ್ತುತ್ತಿದ್ದ. ಬಿಟ್ಟರೆ ರಬ್ಬರು ಬಿಚ್ಚಿಕೊಳ್ಳುತ್ತಾ ಮೂಗಿನ ಫ್ಯಾನು ತಿರುಗಿಸುತ್ತಿತ್ತು.

ಎರಡೂ ರೆಕ್ಕೆಗಳ ಕೆಳಗೆ ಬೆರಳತುದಿ ಇಟ್ಟು ಎತ್ತಿದರೆ ಮೂಗು ಭಾರವೋ ಹಗುರವೋ ತಿಳಿಯುತ್ತದೆ. ಅದನ್ನು ಕಲಿಸಿದವನು ಅವನೇ. ಬರಬರುತ್ತಾ ಅವನಿಗಿಂತ ಮೊದಲು ನನ್ನ ಬೆರಳಿಗೆ ತಿಳಿಯತೊಡಗಿತು. ಕಡೆಯ ಪರೀಕ್ಷೆ ನನ್ನದೇ ಆಯಿತು. "ನೋಡ್ದಾ?" ಎಂದು ಅವನು ಕೇಳಬೇಕು, "ಸರಿಯಾಗಿದೆ" ಎಂದು ನಾನು ಹೇಳಬೇಕು. ಆಮೇಲೆ ಅವನು ಅದನ್ನು ಮತ್ತೆ ಎತ್ತಿ ನೋಡುತ್ತಿರಲಿಲ್ಲ.

ಅದೇ ಬಯಲಿನಲ್ಲಿ ಇಂಥ ವಿಮಾನಗಳ ಒಂದು ಸ್ಪರ್ಧೆ ಬಂತು. ಚೆನ್ನಾಗಿ ಹಾರಿಸಿದವರನ್ನು ಅದನ್ನು ನಡೆಸುವ ಕ್ಲಬ್ಬಿನವರು ತಮ್ಮ ತಂಡಕ್ಕೆ ಸೇರಿಸಿಕೊಳ್ಳುವವರಿದ್ದರು. ಅಣ್ಣ ಊಟದಲ್ಲೂ ಅದನ್ನೇ ಮಾತಾಡುತ್ತಿದ್ದ. ಹಿಂದಿನ ಸಂಜೆ ಸಂಜಯನಗರದಿಂದ ಅವನ ಕಾಲೇಜಿನ ಗೆಳೆಯ ಪ್ರಕಾಶ ಬಂದಿದ್ದ. ನಾನು ಕಾಫಿ ತರುವಾಗ ಬಾಗಿಲ ಹಿಂದೆಯೇ ಮಾತು ಕೇಳಿತು.

"ನಾಳೆ ಹಿಡ್ಕೊಳ್ಳೋಕೆ ನಿನ್ ತಂಗಿ ಬರ್ತಾಳೇನೋ ಮಗಾ?"

"ಏ, ಅವಳೆಲ್ಲಿ ಅಲ್ಲಿಗೆ? ಓದಿಲ್ಲ ಬರ್ದಿಲ್ಲ. ಹಿಡ್ಕೊ ಅಂದ್ರೆ ಹಿಡ್ಕೊಂತಾಳೆ ಅಷ್ಟೆ, ಏನೂ ಗೊತ್ತಾಗಲ್ಲ. ನೀನೇ ಹಿಡ್ಕೊ ಗುರು."

ಕಾಫಿ ಕೊಟ್ಟೆ.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ವಿಮಾನದ ಮೂಗಿನೊಳಗಿಂದ ಕ್ಲೇ ಕಿತ್ತೆ. ಎಷ್ಟು ಕಿತ್ತರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೊರಡುವಾಗ ಅಣ್ಣ ಎಂದಿನಂತೆ, "ನೋಡ್ದಾ?" ಎಂದ. ಏನೂ ಗೊತ್ತಾಗದವಳನ್ನೇ ಕೇಳಿದ. ಆಗಲಾದರೂ ನಾನು ತಡೆಯಬಹುದಿತ್ತು.

"ಸರಿಯಾಗಿದೆ," ಎಂದೆ.

ನಾನೂ ಹೋದೆ, ಬೇಲಿಯ ಹೊರಗೆ ಜನರ ನಡುವೆ ನಿಂತೆ. ಪ್ರಕಾಶ ಹಿಡಿದ, ಅಣ್ಣ ಸುತ್ತಿದ, ಬಿಟ್ಟ. ವಿಮಾನ ಮೂಗೆತ್ತಿ ನೆಟ್ಟಗೆ ಮೇಲಕ್ಕೆ ಹೋಗಿ, ಆಕಾಶದಲ್ಲಿ ನಿಂತಂತಾಗಿ, ಬಾಲದ ಮೇಲೆ ಜಾರಿ ಬಿತ್ತು. ರೆಕ್ಕೆ ಮುರಿದ ಸದ್ದು ನನಗೂ ಕೇಳಿಸಿತು. ಅಣ್ಣ ಅದನ್ನೆತ್ತಿ ಮೂಗಿನೊಳಗೆ ಬೆರಳು ಹಾಕಿದ. ತಲೆಯೆತ್ತಿ ಬೇಲಿಯ ಕಡೆ ನೋಡಿದ. ನಾನು ಯಾರದೋ ಬೆನ್ನಿನ ಹಿಂದೆ ಸರಿದೆ.

"ಏನಾಯ್ತೋ?" ಎಂದು ಅವ್ವ ಕೇಳಿದಾಗ, "ಗಾಳಿ ಸರಿ ಇರ್ಲಿಲ್ಲ," ಎಂದ. ಆಮೇಲೆ ವಿಮಾನ ಕಟ್ಟಲಿಲ್ಲ. ಓದು ಮುಗಿಸಿ ಹರಿಹರಕ್ಕೆ ಕೆಲಸಕ್ಕೆ ಹೋದ. ಹಬ್ಬಕ್ಕೆ ಬಂದರೆ ನನಗೆ ಸೀರೆ ತರುತ್ತಿದ್ದ, ನನ್ನ ಮದುವೆಯಾದ ಮೇಲೆ ನನ್ನ ಮಕ್ಕಳನ್ನು ಆಡಿಸುತ್ತಿದ್ದ. ಅವನು ಬಾಯಿಬಿಟ್ಟು ಬೈದಿದ್ದರೆ ನಾನೂ ಬೈಯಬಹುದಿತ್ತು, ನೀನು ಅಂದಿದ್ದು ಕೇಳಿಸಿಕೊಂಡೆ ಎನ್ನಬಹುದಿತ್ತು. ಅವನು ಬೈಯಲಿಲ್ಲ. ನಾನು ಹೇಳಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ. ಅದಕ್ಕೆ ಸ್ವಲ್ಪ ಮೊದಲು ಅಮೃತಹಳ್ಳಿಯ ನಮ್ಮ ಮನೆಗೆ ಬಂದದ್ದೇ ಕೊನೆ. ನನ್ನ ಮಗಳು ಕ್ಯಾಲೆಂಡರಿನ ಹಾಳೆಯಲ್ಲಿ ವಿಮಾನ ಮಾಡಿ ಎಸೆಯುತ್ತಿದ್ದಳು. ಅದು ಪ್ರತಿ ಸಲವೂ ಮೂಗೆತ್ತಿ ಬೀಳುತ್ತಿತ್ತು. ಅಣ್ಣ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದ. ನಾನು ಚಪಾತಿ ಹಿಟ್ಟು ನಾದುತ್ತಿದ್ದೆ.

"ಮೂಗು ಹಗುರ ಆಗಿದೆ. ಒಂದ್ ಚಿಟಿಕೆ ಹಾಕೇ."

ಹಿಟ್ಟು ಚಿವುಟಿ ಮೂಗಿನ ಮಡಿಕೆಯೊಳಗೆ ಒತ್ತಿದೆ. ಬೆರಳ ಮೇಲೆ ಎತ್ತಿ ನೋಡಿದೆ.

"ನೋಡ್ದಾ?" ಎಂದ.

"ಸರಿಯಾಗಿದೆ, ಅಣ್ಣ."

ಅವನು ತಲೆಯಾಡಿಸಿ ವಿಮಾನವನ್ನು ನನ್ನ ಕೈಯಿಂದ ತೆಗೆದುಕೊಂಡ. ಎರಡೂ ರೆಕ್ಕೆಗಳ ಕೆಳಗೆ ತನ್ನ ಬೆರಳತುದಿ ಇಟ್ಟು, ನಿಧಾನವಾಗಿ ಎತ್ತಿ ನೋಡಿದ. ಆಮೇಲೆ ಮಗುವಿಗೆ ಕೊಟ್ಟ.