ಮೊರದ ತುಂಬ ಫ್ಯೂಸು

ಕಳೆದ ಗುರುವಾರ ಬೆಳಿಗ್ಗೆ ನಮ್ಮ ಮಾವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ತೊಡೆಯ ಮೇಲೊಂದು ಮೊರ. ಮೊರದಲ್ಲಿ ಅಕ್ಕಿಯಿಲ್ಲ, ಹುರುಳಿಯಿಲ್ಲ. ಇದ್ದದ್ದು ಬಿಳಿ ಪಿಂಗಾಣಿಯ ಫ್ಯೂಸುಗಳು. ನಮ್ಮ ಟಿ.ಸಿ.ಗೆ (ಹೊಲದ ನಡುವೆ ಕಂಬಕ್ಕೆ ಕೂರಿಸಿರುತ್ತಾರಲ್ಲ, ಆ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಹೀಗೇ ಅನ್ನುವುದು) ಸೇರಿದ ಅಷ್ಟೂ ಪಂಪ್‌ಸೆಟ್ಟುಗಳ ಫ್ಯೂಸು.

ಕದ್ದು ತಂದದ್ದಲ್ಲ ಸ್ವಾಮಿ, ಕೇಳಿ ತಂದದ್ದು. ಯಾಕೆ ಅಂತೀರಾ? ನನ್ನ ಕಂಪ್ಯೂಟರಿಗೆ ವಿಂಡೋಸ್ ಹಾಕುವುದಕ್ಕೆ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಈ ಅಂಕಣವನ್ನು ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಎಂದು ನಿಮ್ಮ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೇನೆ. ಚಿನಕುರಳಿಯಿಂದ ಆಚೆ, ನಮ್ಮ ತೋಟದ ಮನೆಯಲ್ಲಿ, ರಾಗಿ ಮೂಟೆಗಳ ಪಕ್ಕ ಅದರ ವಾಸ. ಮೈಸೂರಿನ ಆಫೀಸೊಂದು ಹಳೆಯದಾಯಿತು ಅಂತ ಕೊಟ್ಟದ್ದನ್ನು ನಾವು ಹೊಸದು ಅಂತ ತಂದುಕೊಂಡೆವು. ಅದರಲ್ಲಿದ್ದದ್ದು ವಿಂಡೋಸಿಗಿಂತ ಹಿಂದಿನ ಕಾಲದ ಡಾಸ್. ಕಪ್ಪು ಪರದೆ, ಅದರ ಮೇಲೆ ಇರುವೆ ಸಾಲಿನಂಥ ಕನ್ನಡ. ಆ ಇರುವೆಗಳನ್ನು ದೊಡ್ಡದು ಮಾಡುವ ದಾರಿ ಅದರಲ್ಲಿರಲಿಲ್ಲ. ನನಗೇನೂ ತೊಂದರೆಯಾಗಿರಲಿಲ್ಲ. (ಬರೆದವಳಿಗೆ ತಾನು ಬರೆದದ್ದು ಕಣ್ಣು ಮುಚ್ಚಿಕೊಂಡರೂ ಕಾಣುತ್ತದೆ.)

ತೊಂದರೆ ಇದ್ದದ್ದು ಮಾವನಿಗೆ.

ನಮ್ಮ ಮಾವ ರೈತರು. ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಓದುವ ಚಟ ವಿಪರೀತ. ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ, ಸುಕ್ಕು ತೀಡಿ, ಓದಿ, 'ಇದ್ರ ಮುಂದಿನ ತುಂಡ ಯಾವನ್ ತಕಂಡೋದ್ನೋ' ಎಂದು ಬೇಜಾರು ಮಾಡಿಕೊಳ್ಳುವವರು. ಬೆಳಿಗ್ಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವರು ಅವರೇ. ಹಾಲು ಅಳೆಸಿಕೊಂಡವರೂ ಮನೆಗೆ ಹೋಗದೆ ನಿಂತಿರುತ್ತಿದ್ದರು.

ಹೋದ ವರ್ಷ ಕಣ್ಣು ಕೈಕೊಟ್ಟಿತು. ಮಂಡ್ಯದ ಡಾಕ್ಟರು ನೋಡಿ, ಕಣ್ಣಿನ ಹಿಂದಿನ ಪರದೆ ಸವೆದಿದೆ, ಕನ್ನಡಕ ಬದಲಾಯಿಸಿದರೂ ಪ್ರಯೋಜನವಿಲ್ಲ, ಅಕ್ಷರ ತುಂಬಾ ದೊಡ್ಡದಿದ್ದರೆ ಮಾತ್ರ ಓದಬಹುದು ಅಂದರು. ಭೂತಗನ್ನಡಿ ತಂದೆವು. ಕೈ ನಡುಗಿ ಅಕ್ಷರಗಳೆಲ್ಲ ಓಡಾಡಿದವು. ಮಾವ ಅದನ್ನು ಗೂಡಿನಲ್ಲಿಟ್ಟು ಮತ್ತೆ ಮುಟ್ಟಲಿಲ್ಲ. ಡೈರಿಗೆ ಹೋಗುವುದನ್ನೂ ಬಿಟ್ಟರು. ಹಾಲಿನ ಕ್ಯಾನು ನನ್ನ ಕೈಗೆ ಬಂತು.

ನಾನೇ ಓದಿ ಹೇಳುತ್ತೇನೆ ಅಂದೆ. ಎರಡು ದಿನ ಕೇಳಿದರು. ಮೂರನೇ ದಿನ, 'ಬ್ಯಾಡ ಬುಡವ್ವ. ನೀ ಓದುದ್ರೆ ನೀ ಓದ್ದಂಗಾಯ್ತದೆ. ನಾ ಓದ್ದಂಗಾಗಾಕಿಲ್ಲ' ಅಂದರು.



ನನ್ನ ಗಂಡನಿಗೆ ಕೆಲಸ ನಾಗಮಂಗಲದಲ್ಲಿ. ಅಲ್ಲಿ ಅವರ ಗೆಳೆಯರೊಬ್ಬರು ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ಅವರು ಹೇಳಿದ್ದು ಇಷ್ಟು: 'ಹೊಸ ವಿಂಡೋಸ್ ಹಾಕಿ, ಅದಕ್ಕೊಂದು ಕನ್ನಡ ಸಾಫ್ಟ್‌ವೇರ್ ಹಾಕಿ. ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತೆ.' ಆವತ್ತು ಸಂಜೆ ನನ್ನ ಗಂಡ ಬಸ್ಸಿಳಿದು ಬಂದಾಗ ಟಿಫಿನ್ ಬಾಕ್ಸಿನಲ್ಲಿ ಫ್ಲಾಪಿಗಳಿದ್ದವು. (ಬಸ್ಸಿನ ಧೂಳು ತಾಗಬಾರದಲ್ಲ. ಮಧ್ಯಾಹ್ನದ ಚಿತ್ರಾನ್ನದ ವಾಸನೆ ಮಾತ್ರ ತಾಗಿತ್ತು.)

'ಎಷ್ಟು ದೊಡ್ದಾಯ್ತದೆ ಅಕ್ಸರ?' ಮಾವ ಕೇಳಿದರು.

'ನಿಮ್ಮ ಅಂಗೈಯಷ್ಟು' ಅಂದೆ.

ಅವರು ತಮ್ಮ ಅಂಗೈಯನ್ನು ಮುಖದ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು. ನನಗೆ ಭಯವಾಗಿದ್ದು ಆಗಲೇ. ಆಸೆ ಹುಟ್ಟಿಸಿಬಿಟ್ಟಿದ್ದೆ, ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಗೆಳೆಯರು ಹೇಳಿಕೊಟ್ಟ ಹಾಗೆ ಹಳೆಯದನ್ನೆಲ್ಲ ಅಳಿಸಿದೆ. ಮೊದಲ ಫ್ಲಾಪಿ ಹಾಕಿದೆ. ಎರಡನೆಯದು ಕೇಳಿತು, ಕೊಟ್ಟೆ. ಮೂರನೆಯದು ಕೇಳಿತು, ಕೊಟ್ಟೆ. ಅಷ್ಟರಲ್ಲಿ ತಲೆಯ ಮೇಲಿನ ಬಲ್ಬು ಕೆಂಪಾಯಿತು. ಪಾಂಡವಪುರದಿಂದ ತಂದ ಸ್ಟೆಬಿಲೈಸರ್ 'ಟಕ್' ಅಂದಿತು. ಪರದೆ ಕಪ್ಪಾಯಿತು.

ಮತ್ತೆ ಶುರು ಮಾಡಿದೆ. ಬಿಟ್ಟ ಕಡೆಯಿಂದ ಮುಂದುವರಿಸಲಾ ಅಂತ ಅದೇ ವಿನಯದಿಂದ ಕೇಳಿತು. ಆಗಲಪ್ಪ ಅಂದೆ. ಅಲ್ಲೇ ಕಲ್ಲಿನಂತೆ ಕೂತುಬಿಟ್ಟಿತು. ಪುನಃ ಮೊದಲ ಫ್ಲಾಪಿ. ಪುನಃ ಕೆಂಪು ಬಲ್ಬು. ಪುನಃ ಟಕ್. ಮಾರನೆಯ ದಿನವೂ ಇದೇ ಕತೆ. ಈಗ ಡಾಸೂ ಇಲ್ಲ, ವಿಂಡೋಸೂ ಇಲ್ಲ. ರಾಗಿ ಮೂಟೆಯ ಪಕ್ಕ ಇನ್ನೊಂದು ಮೂಟೆ.

ಯುಪಿಎಸ್ ಇಲ್ವಾ ಅಂತ ಕೇಳುವ ಪಟ್ಟಣದ ಓದುಗರಿಗೆ: ಇಲ್ಲ. ಮೋಟರು ಓಡದ ಹೊತ್ತಿನಲ್ಲಿ ಮಾಡಬಾರದಾ ಅಂತ ಕೇಳುವವರಿಗೆ: ಆಗ ಕರೆಂಟು ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ದೇವರಿಗೇ ಗೊತ್ತು. ನಮ್ಮಲ್ಲಿ ಕರೆಂಟು ನಂಬಿಕಸ್ಥನಂತೆ ನಿಲ್ಲುವುದು ಬೆಳಿಗ್ಗೆ ಪಂಪ್‌ಸೆಟ್ಟಿಗೆ ಅಂತ ಬಿಡುವ ಹೊತ್ತಿನಲ್ಲಿ ಮಾತ್ರ. ಆಗಲೇ ಟಿ.ಸಿ.ಯ ಅಷ್ಟೂ ಮೋಟರು ಒಟ್ಟಿಗೆ ಗುಂಯ್ ಅನ್ನುತ್ತವೆ. ಆಗಲೇ ನಮ್ಮ ಮನೆಯ ವೋಲ್ಟೇಜು ನೆಲ ಕಚ್ಚುತ್ತದೆ.

'ಸೋತೆ ಮಾವ' ಅಂದೆ.

ಮಾವ 'ಒಂದು ಸರದಿ ಕೇಳಾನ' ಅಂದರು.

ಸರದಿ ಅಂದರೆ ಏನು ಅಂತ ಹೇಳಬೇಕು. ನಮ್ಮ ಕಡೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡರೂ ಬಾವಿ ಪಾಲು ಮಾಡಿಕೊಳ್ಳುವ ಹಾಗಿಲ್ಲವಲ್ಲ. ನೀರು ಸರದಿಯ ಮೇಲೆ. ಒಬ್ಬರಿಗೆ ತೀರಾ ಅಗತ್ಯ ಬಿದ್ದರೆ ಇನ್ನೊಬ್ಬರ ಸರದಿ ಕೇಳಬಹುದು. ಕೇಳುವವರು ತಾವೇ ಹೋಗಿ, ಎದುರು ನಿಂತು ಕೇಳಬೇಕು. ಕೊಡುವವರು ಯಾಕೆ ಅಂತ ಕೇಳಬಾರದು. ಕೊಟ್ಟದ್ದಕ್ಕೆ ಗುರುತಾಗಿ ಸ್ಟಾರ್ಟರಿನ ಫ್ಯೂಸು ಬಿಚ್ಚಿ ಕೈಗಿಡುತ್ತಾರೆ. (ಕರೆಂಟು ಬಂದೊಡನೆ ತಾನೇ ಮೋಟರು ಹಾಕುವ ಆಟೋ ಸ್ಟಾರ್ಟರು ಬಂದ ಮೇಲೆ ಇದು ಸೇರಿಕೊಂಡ ಪದ್ಧತಿ. ಮನುಷ್ಯ ಮಾತು ಕೊಟ್ಟರೂ ಮೋಟರು ಕೊಟ್ಟಿರುವುದಿಲ್ಲವಲ್ಲ.) ನೀರಿಗೆ ಇದ್ದ ಈ ಪದ್ಧತಿಯನ್ನು ಕರೆಂಟಿಗೆ ಯಾರೂ ಕೇಳಿರಲಿಲ್ಲ. ಅದೂ ಈ ಬೇಸಿಗೆಯಲ್ಲಿ, ಒಂದು ಹೊತ್ತು ನೀರು ತಪ್ಪಿದರೆ ಎಲೆ ಬಾಡುವ ಕಾಲದಲ್ಲಿ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಕಣ್ಣು ಹೋದಾಗಿನಿಂದ ನಮ್ಮ ಮಾವ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಕೈ ಹಿಡಿದು ನಡೆಸಲು ಹೋದರೆ ಕೈ ಕೊಡವುತ್ತಿದ್ದರು. ಗುರುವಾರ ಬೆಳಿಗ್ಗೆ ತಾವೇ ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಮೊರ.

ಮೊದಲು ಕೆಂಚಮ್ಮನ ತೋಟ. ಟೊಮೇಟೊ ಈಗಷ್ಟೇ ಕಾಯಿ ಕಟ್ಟಿತ್ತು. ಮಾವ ಬದುವಿನ ಮೇಲೆ ನಿಂತು, 'ಕೆಂಚವ್ವ, ಒಂದು ಸರದಿ ಬೇಕಾಗಿತ್ತು ಕಣವ್ವ' ಅಂದರು. ಆಕೆ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹೋಗಿ ಫ್ಯೂಸು ಬಿಚ್ಚಿ ತಂದು ಮೊರಕ್ಕೆ ಹಾಕಿದಳು. 'ನಿಧಾನ್ವಾಗ್ ಓಗಿ ದೊಡ್ಡಪ್ಪ, ಮುಂದಕ್ ಗುಂಡಿ ಐತೆ' ಅಂದಳು, ಅಷ್ಟೇ.

ಹೀಗೇ ಒಂದೊಂದು ಹೊಲ. ಯಾರೂ ಯಾಕೆ ಅನ್ನಲಿಲ್ಲ. ನಾನು ಓದಿದ, ಬರೆದ, ಭಾಷಣದಲ್ಲಿ ಕೇಳಿದ ದೊಡ್ಡ ದೊಡ್ಡ ಮಾತೆಲ್ಲ ಒಂದು ಕಡೆ, ಮೊರಕ್ಕೆ ಫ್ಯೂಸು ಬೀಳುವ ಆ ಟಣ್ ಅನ್ನುವ ಸದ್ದು ಒಂದು ಕಡೆ.

ಕೊನೆಗೆ ಉಳಿದದ್ದು ನಿಂಗೇಗೌಡರ ಕಬ್ಬಿನ ಗದ್ದೆ.

ನಿಂಗೇಗೌಡರಿಗೂ ನಮ್ಮ ಮಾವನಿಗೂ ಮಾತಿಲ್ಲ. ಬದು ಒತ್ತಿದ್ದು ಯಾರು ಅಂತ ಶುರುವಾದ ಜಗಳ, ನಾನು ಈ ಮನೆಗೆ ಸೊಸೆಯಾಗಿ ಬರುವುದಕ್ಕಿಂತ ಮುಂಚಿನದು. ಮದುವೆ, ತಿಥಿ ಎಲ್ಲಿ ಸಿಕ್ಕರೂ ಇಬ್ಬರೂ ಬೇರೆ ಬೇರೆ ಪಂಕ್ತಿ. ಟಿ.ಸಿ.ಯಲ್ಲಿ ಎಲ್ಲಕ್ಕಿಂತ ದೊಡ್ಡ ಮೋಟರು ಅವರದೇ. ಅದೊಂದು ಓಡಿದರೂ ಸಾಕು, ನಮ್ಮ ಸ್ಟೆಬಿಲೈಸರ್ ಟಕ್ ಅನ್ನುವುದಕ್ಕೆ.

ಅಷ್ಟರಲ್ಲಿ ಕರೆಂಟು ಬಂದಿತ್ತು. ಅವರ ಮೋಟರು ಓಡುತ್ತಿತ್ತು. ನಿಂಗೇಗೌಡರು ಸನಿಕೆ ಹಿಡಿದು ಸಾಲಿಂದ ಸಾಲಿಗೆ ನೀರಿನ ಮಡೆ ತಿರುಗಿಸುತ್ತಿದ್ದವರು ನಮ್ಮನ್ನು ನೋಡಿ ನಿಂತರು.

'ನಿಂಗೇಗೌಡ, ಒಂದು ಸರದಿ ಬೇಕಾಗಿತ್ತು' ಅಂದರು ಮಾವ. ಎದುರಿನಿಂದ ಉತ್ತರವಿಲ್ಲ. ಮುಖ ಕಾಣದ ಮನುಷ್ಯನಿಗೆ ಮೌನ ಎಷ್ಟು ಉದ್ದ ಇರಬೇಡ? ಮಾವ ತಾವಾಗಿಯೇ ಇನ್ನೊಂದು ಮಾತು ಸೇರಿಸಿದರು. 'ಓದಕ್ಕೆ ಕಣ್ಲಾ.'

ನಿಂಗೇಗೌಡರು ಸನಿಕೆ ಇಟ್ಟರು. ಮೋಟರು ಮನೆಯೊಳಕ್ಕೆ ಹೋದರು. ಗುಂಯ್ ಅನ್ನುವ ಸದ್ದು ಇಳಿದು ಇಳಿದು ನಿಂತುಹೋಯಿತು. ಹೊರಗೆ ಬಂದು ಫ್ಯೂಸನ್ನು ಪಂಚೆಯ ತುದಿಯಲ್ಲಿ ಒರೆಸಿ, ಮೊರಕ್ಕೆ ಹಾಕದೆ, ಮಾವನ ಅಂಗೈಗಿಟ್ಟು ಬೆರಳು ಮಡಿಸಿದರು.

'ಬಿಸಿ ಐತೆ. ಉಸಾರು' ಅಂದರು.

ಮನೆಗೆ ಬರುವ ದಾರಿಯಲ್ಲಿ ಸುತ್ತ ಎಲ್ಲೂ ಮೋಟರಿನ ಸದ್ದಿಲ್ಲ. ಕಾಲುವೆಗಳಲ್ಲಿ ಇದ್ದ ನೀರು ಹರಿದು ಮುಗಿಯುತ್ತಿತ್ತು. ಬೇಸಿಗೆಯ ಬೆಳಗಿನಲ್ಲಿ, ಕರೆಂಟು ಇರುವಾಗ, ನಮ್ಮ ಬಯಲು ಇಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಷ್ಟೂ ಜನ ನಮಗಾಗಿ ಕೈ ಕಟ್ಟಿ ಕೂತಿದ್ದಾರೆ ಅನ್ನಿಸಿತು.

ಬಲ್ಬು ಹಾಲಿನಂತೆ ಬೆಳ್ಳಗೆ ಉರಿಯುತ್ತಿತ್ತು. ಮೊದಲ ಫ್ಲಾಪಿ ಹಾಕಿದೆ. ಕೇಳುತ್ತಾ ಹೋಯಿತು, ಕೊಡುತ್ತಾ ಹೋದೆ. ಪರದೆಯ ಮೇಲಿನ ನೀಲಿ ಪಟ್ಟಿ ಬಸವನಹುಳುವಿನ ಹಾಗೆ ಮುಂದಕ್ಕೆ ಹೋಗುತ್ತಿತ್ತು. ಮಾವ ನಿಂಗೇಗೌಡರ ಫ್ಯೂಸನ್ನೂ ಮೊರಕ್ಕೆ ಹಾಕಿಕೊಂಡು, ಮೊರ ಬಿಡದೆ ಕೂತಿದ್ದರು. ಕೊನೆಯ ಫ್ಲಾಪಿಯೂ ಮುಗಿದು ಕಂಪ್ಯೂಟರು ತಾನೇ ಆರಿ ತಾನೇ ಹತ್ತಿಕೊಂಡಿತು. ಪರದೆ ತುಂಬ ಆಕಾಶ, ಅದರಲ್ಲಿ ಮೋಡ.

'ನೀಲಿ ಕಾಣ್ತದೆ' ಅಂದರು ಮಾವ. 'ಬೆಳ್ಳಗಿರೋದೇನು?'

'ಮೋಡ ಮಾವ.'

'ಅದ್ರೊಳಗಾದ್ರೂ ಐತಲ್ಲ ಬುಡು.'

ಕನ್ನಡದ ಫ್ಲಾಪಿಯನ್ನೂ ಹಾಕಿದೆ. ಅಕ್ಷರದ ಸೈಜು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ, ಒಂದು ಸಾಲಿಗೆ ಮೂರು ನಾಲ್ಕು ಅಕ್ಷರ ಹಿಡಿದರೆ ಹೆಚ್ಚು ಅನ್ನುವಷ್ಟು. ಏನು ಟೈಪ್ ಮಾಡಲಿ? ಇಷ್ಟು ವರ್ಷ ಬರೆದವಳಿಗೆ ಆ ಗಳಿಗೆಯಲ್ಲಿ ಒಂದು ವಾಕ್ಯವೂ ಹೊಳೆಯಲಿಲ್ಲ. ಕೊನೆಗೆ, ಹೊತ್ತಾಗಿತ್ತಲ್ಲ, 'ಮಾವ ಊಟಕ್ಕೆ ಏಳಿ' ಅಂತ ಟೈಪ್ ಮಾಡಿದೆ.

ಮಾವ ಮೊರವನ್ನು ಕೆಳಗಿಟ್ಟು ಪರದೆಯ ಹತ್ತಿರ ಬಂದರು. ತಲೆ ಓರೆ ಮಾಡಿದರು. ಬೆರಳು ಗಾಜಿನ ಮೇಲೆ ಮೆಲ್ಲಗೆ ಓಡಿತು. 'ಮಾ... ವ...' ಅಂದರು. ನಿಂತರು. 'ಊ... ಟ... ಕ್ಕೆ...'



'ಊಟ ಆಮ್ಯಾಕೆ ಕಣವ್ವ' ಅಂದರು ಮಾವ. 'ಮುಂದಕ್ ಬರಿ.'

ಬರೆದೆ. ಆವತ್ತಿನ ಪೇಪರನ್ನು ಮಡಿಲಲ್ಲಿಟ್ಟುಕೊಂಡು ಕನ್ನಂಬಾಡಿ ಕಟ್ಟೆಯ ನೀರಿನ ಸುದ್ದಿಯನ್ನು ಸಾಲು ಸಾಲಾಗಿ ಟೈಪ್ ಮಾಡಿದೆ. ಅವರು ಗಟ್ಟಿಯಾಗಿ ಓದಿದರು. ತಪ್ಪು ಬಂದ ಕಡೆ ಬೈದರು. (ಬೈಗುಳ ಇಷ್ಟು ಸಿಹಿಯಾಗಿರುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ.) ಅಷ್ಟರಲ್ಲಿ ಕೆಂಚಮ್ಮ ಬಂದಳು, ಉಳಿದವರೂ ಬಂದರು. ಒಂದು ಗಳಿಗೆ ನಿಂತು ಕೇಳಿ, ಮೊರದಲ್ಲಿ ತಮ್ಮ ತಮ್ಮ ಫ್ಯೂಸು ಹುಡುಕಿಕೊಂಡು ಹೋದರು. ಬಯಲಿನಲ್ಲಿ ಒಂದೊಂದೇ ಮೋಟರು ಶುರುವಾಯಿತು. ಬಲ್ಬು ಸ್ವಲ್ಪ ಮಂಕಾಯಿತು, ಆದರೂ ಸ್ಟೆಬಿಲೈಸರ್ ತಡೆದುಕೊಂಡಿತು. ದೊಡ್ಡ ಮೋಟರು ಇನ್ನೂ ಶುರುವಾಗಿರಲಿಲ್ಲವಲ್ಲ.

ನಿಂಗೇಗೌಡರು ಬಂದು ಹೊಸಿಲಾಚೆ ನಿಂತರು. ನಮ್ಮ ಮನೆಗೆ ಅವರು ಬಂದದ್ದನ್ನು ನಾನು ಕಂಡದ್ದು ಇದೇ ಮೊದಲು. 'ಫ್ಯೂಸ್ ಇಸ್ಕಂಡೋಗಕ್ ಬಂದೆ' ಅಂದರು.

ಮಾವ ಪರದೆಯಿಂದ ಮುಖ ತೆಗೆಯದೆ, 'ಕೂತ್ಕೊ' ಅಂದರು. ಓದುತ್ತಲೇ ಇದ್ದರು.

ನಿಂಗೇಗೌಡರು ಹೊಸಿಲ ಮೇಲೆ ಕೂತರು. ಒಂದು ಸುದ್ದಿ ಮುಗಿದು ನಾನು ಇನ್ನೊಂದನ್ನು ಟೈಪ್ ಮಾಡುವಾಗ ಹೇಳಿದರು, 'ನೀ ಡೈರಿ ತಾವ ಓದೋದ ಬುಟ್ಟ ಮ್ಯಾಲೆ ಪರ್ಪಂಚ್ದಲ್ಲಿ ಏನ್ ನಡೀತದೆ ಅಂತ್ಲೇ ನಂಗ್ ಗೊತ್ತಾಯ್ತಿಲ್ಲ ಕಣ್ಲಾ.'

ಮಾವ ಈಗ ತಿರುಗಿದರು. 'ನೀ ಎಲ್ ಕೇಳ್ತಿದ್ದೆ? ಅಲ್ ನಿಂತ್ಕೊಂಡೇ ಇರ್ಲಿಲ್ಲ ನೀನು.'

'ಹಿಂದ್ಲ ಗ್ವಾಡೆ ತಾವ ನಿಂತ್ಕತಿದ್ದೆ.'

ಮಾವ ಪರದೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಮೊದಲಿಗಿಂತ ಗಟ್ಟಿಯಾಗಿ ಓದತೊಡಗಿದರು.

ನಾನು ಮೊರದಲ್ಲಿ ಉಳಿದಿದ್ದ ಒಂದೇ ಒಂದು ಫ್ಯೂಸನ್ನು ತಂದು ನಿಂಗೇಗೌಡರ ಮುಂದೆ ಹಿಡಿದೆ. ಕರೆಂಟು ಹೋಗಲು ಇನ್ನೂ ಹೊತ್ತಿತ್ತು. ಕಬ್ಬಿನ ಒಂದೆರಡು ಪಟ್ಟಿಗಾದರೂ ನೀರು ಹಾಯಿಸಬಹುದಿತ್ತು. ಅವರು ಫ್ಯೂಸನ್ನು ನೋಡಿದರು. ನಮ್ಮ ತಲೆಯ ಮೇಲಿನ ಬಲ್ಬನ್ನು ನೋಡಿದರು.

'ನಾಳೀಕ್ ಇಸ್ಕೊತೀನಿ ಬುಡವ್ವ' ಅಂದರು. 'ನಾ ಮೋಟರ್ ಹಾಕುದ್ರೆ ಇದು ಆರೋಯ್ತದೆ. ಅವ್ನಿನ್ನೂ ಓದ್ತಾವ್ನೆ.'

ವಾರ ವಾರ ನಿಮಗೆ ಬರೆಯುತ್ತಾ ಬಂದಿದ್ದೇನಲ್ಲ, ಹೇಳಿ: ಒಬ್ಬ ರೈತ ತನ್ನ ಬೇಸಿಗೆಯ ನೀರು ಬಿಟ್ಟು ಕೂತು ಕೇಳಬೇಕಾದ ಒಂದು ಸಾಲನ್ನಾದರೂ ನಾನು ಇದುವರೆಗೆ ಬರೆದಿದ್ದೇನಾ?